ಎರಡರಿಂದ ಎರಡು ನಲವತ್ತು

ಭಾಗ್ಯಶ್ರೀ ದಿನಾ ಬೆಳಿಗ್ಗೆ ಐದಕ್ಕೆ ಮೊದಲೇ ಏಳುತ್ತಿದ್ದಳು. ಆರರೊಳಗೆ ಇಂಟರ್‌ನೆಟ್ ಕೆಲಸ ಮುಗಿಸಿದರೆ ಫೋನಿನ ಖರ್ಚಿನಲ್ಲಿ ಅರ್ಧ ಉಳಿಯುತ್ತಿತ್ತು. ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಆರು ನಿಮಿಷಕ್ಕೆ ಒಂದು ಯೂನಿಟ್. ಆರು ದಾಟಿತೆಂದರೆ ಮೂರು ನಿಮಿಷಕ್ಕೇ ಒಂದು. ಯೂನಿಟ್ಟಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಫೋನಿನ ತಂತಿಯಿಂದ ಇಂಟರ್‌ನೆಟ್ ಹತ್ತಿಸುವ ಮೋಡೆಮ್ ಕಿರುಗುಟ್ಟಿ ಕೊನೆಗೆ ಸುಮ್ಮನಾದ ಕೂಡಲೇ ಅವಳು ಗೋಡೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು: ಹತ್ತಿದ್ದು 4-58, ಬಿಟ್ಟದ್ದು 5-56, ಯೂನಿಟ್ 10.

ಅದು 2001ನೇ ಇಸವಿ. ಬಾಗಲಗುಂಟೆಯ ಹನುಮಯ್ಯನವರ ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಭಾಗ್ಯಶ್ರೀ ಮತ್ತು ಅವಳ ಗಂಡ ಸಿದ್ರಾಮ ಇದ್ದರು. ಇಬ್ಬರೂ ಬಾಗಲಕೋಟೆ ಕಡೆಯವರು. ಸಿದ್ರಾಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ. ಬಿ.ಎಸ್ಸಿ. ಮುಗಿಸಿದ್ದ ಭಾಗ್ಯಶ್ರೀ ಮನೆಯಲ್ಲೇ ಕೂತು ಟೈಪ್ ಮಾಡುತ್ತಿದ್ದಳು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ ಮಾತುಗಳನ್ನು ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿತ್ತು. ಬೆಳಿಗ್ಗೆ ಅವನ್ನು ಇಳಿಸಿಕೊಂಡು, ಕೇಳಿಕೊಂಡು ಟೈಪ್ ಮಾಡಿ, ಮಧ್ಯಾಹ್ನ ಮೂರೂವರೆಯೊಳಗೆ ವಾಪಸ್ ಕಳಿಸಬೇಕು. ತಡವಾದರೆ ಅರ್ಧ ದುಡ್ಡು. ಎಲ್ಲ ಸರಿಯಾಗಿ ನಡೆದ ತಿಂಗಳಲ್ಲಿ ಎರಡೂವರೆ ಸಾವಿರ ಬರುತ್ತಿತ್ತು. ಅದರಲ್ಲೇ ಫೋನಿನ ಬಿಲ್ಲು, ಅದರಲ್ಲೇ ಹಳೆಯ ಕಂಪ್ಯೂಟರಿನ ಕಂತು.

ಕೆಲಸ ಬಿಡುವ ಹಾಗೂ ಇರಲಿಲ್ಲ. ಸೇರುವಾಗ ಕಂಪನಿಯವರು ಅವಳ ಅಸಲು ಅಂಕಪಟ್ಟಿಗಳನ್ನು ತೆಗೆದು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಎರಡು ವರ್ಷಕ್ಕೆ ಮೊದಲು ಬಿಟ್ಟರೆ ಹದಿನೈದು ಸಾವಿರ ಕಟ್ಟಬೇಕು ಎಂಬ ಕಾಗದಕ್ಕೆ ಸಹಿಯಾಗಿತ್ತು. ಕಳೆದದ್ದು ಇನ್ನೂ ಹತ್ತು ತಿಂಗಳು. ಬೇರೆ ಕಡೆ ಅರ್ಜಿ ಹಾಕೋಣವೆಂದರೆ ತೋರಿಸಲು ಕೈಯಲ್ಲಿ ಒಂದು ಹಾಳೆಯೂ ಇಲ್ಲ.

ಫೋನು ಹನುಮಯ್ಯನವರದು. ಅವರು ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಹಾಜರಿ ನೋಡಿ ನಿವೃತ್ತರಾದವರು. ತಮ್ಮ ಲೈನಿನಿಂದಲೇ ಮಹಡಿಗೆ ಒಂದು ತಂತಿ ಎಳೆಸಿ ಇನ್ನೊಂದು ಫೋನ್ ಕೊಟ್ಟಿದ್ದರು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಕೆಳಗಿನ ಮನೆಯವರ ಪಾಲು ನೂರೈವತ್ತು ಯೂನಿಟ್, ಉಳಿದದ್ದು ಭಾಗ್ಯಶ್ರೀಯದು ಎಂದು ಮಾತಾಗಿತ್ತು. ಅದಕ್ಕೇ ಆ ನೋಟ್‌ಬುಕ್ಕು.

ಒಂದು ದಿನ ಕೆಲಸ ಬೇಗ ಮುಗಿದು, ಮಧ್ಯಾಹ್ನ ಎರಡೂ ಹತ್ತಕ್ಕೆ ಫೈಲ್ ಕಳಿಸಲು ಹೊರಟಳು. ಲೈನ್ ಸಿಗಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟಾಗ ಕೆಳಗಿನ ಮನೆಯ ಶಿವಲಿಂಗಮ್ಮನ ದನಿ ಕೇಳಿತು. ಹನುಮಯ್ಯನವರ ಹೆಂಡತಿ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಭಾಗ್ಯಶ್ರೀ ಎಂದೂ ಕೇಳಿರಲಿಲ್ಲ.

"ಅಪ್ಪ ಮಲಗವ್ರಾ?" ಎಂದಿತು ಆ ಕಡೆಯ ಹೆಣ್ಣು ದನಿ.

"ಮಲಗವ್ರೆ ಕಣೇ. ಎಲ್ಲಿ, ಮಗೀನ ಬಾಯಿ ಹತ್ರ ಹಿಡಿ."

ಆಮೇಲೆ ಕೂಸೊಂದು 'ಅಕ್ಕು ಅಕ್ಕು' ಎನ್ನುತ್ತಿರುವುದು ಕೇಳಿಸಿತು. ಭಾಗ್ಯಶ್ರೀ ಸದ್ದಾಗದಂತೆ ರಿಸೀವರ್ ಇಟ್ಟಳು. ಹನುಮಯ್ಯನವರ ಮಗಳು ನಾಗವೇಣಿ ನಾಲ್ಕು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೋದದ್ದು, ಆ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ಹನುಮಯ್ಯ ಹೇಳಿದ್ದು ಬೀದಿಗೆಲ್ಲ ಗೊತ್ತಿತ್ತು. ಮಗಳಿದ್ದದ್ದು ಲಗ್ಗೆರೆಯಲ್ಲಿ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಅಂದು ನೋಟ್‌ಬುಕ್ಕಿನಲ್ಲಿ ಅವಳು '2-10, ಲೈನ್ ಬ್ಯುಸಿ' ಎಂದಷ್ಟೇ ಬರೆದಳು. ಆಮೇಲೂ ಏಳೆಂಟು ಸಲ ಹಾಗೆಯೇ ಬರೆದಳು. ಎರಡು ನಲವತ್ತಕ್ಕೆ ಲೈನ್ ಬಿಡುವಾಗುತ್ತಿತ್ತು. ಹನುಮಯ್ಯ ಎರಡಕ್ಕೆ ಮಲಗಿ ಎರಡೂ ಮುಕ್ಕಾಲಿಗೆ ಏಳುವವರು.

ಬಿಲ್ಲು ಬಂದ ಭಾನುವಾರ ಹನುಮಯ್ಯ ಅವಳನ್ನು ಕೆಳಗೆ ಕರೆದರು. ಸಾವಿರದ ಎಂಟುನೂರ ಅರವತ್ತು ಯೂನಿಟ್ ಬಂದಿತ್ತು.

"ನಮ್ದು ನೂರೈವತ್ತು ಕಳೀರಿ. ನಿಮ್ದು ಸಾವಿರದ ಏಳ್ನೂರ ಹತ್ತು."

"ಇಲ್ರೀ ಸರ್, ನಂದು ಸಾವಿರದ ನಲವತ್ತು," ಎಂದಳು ಭಾಗ್ಯಶ್ರೀ. "ದಿನಾ ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು. ಐವತ್ತೆರಡು ದಿನ. ಎಲ್ಲಾ ಬರದೀನ್ರಿ."

ಹನುಮಯ್ಯ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ಬಿಡಿಸಿದರು. ಪೆನ್ಸಿಲ್ ಹಿಡಿದು ಒಂದೊಂದು ಪುಟವನ್ನೂ ಕೂಡಿದರು. ಅವರಿಗೆ ಅಂಥ ಕೆಲಸ ಪ್ರೀತಿ. ಮುಖ ಸಡಿಲವಾಗುತ್ತ ಬಂತು.

"ಲೆಕ್ಕ ಚೊಕ್ಕಟವಾಗಿದೆಯಮ್ಮ. ಒಂದು ನಿಮಿಷ ಆಚೆ ಈಚೆ ಇಲ್ಲ. ಹಾಗಾದ್ರೆ ಈ ಆರ್ನೂರೆಪ್ಪತ್ತು ಯಾರದು?"

ಭಾಗ್ಯಶ್ರೀಗೆ ಆಗ ಹೊಳೆಯಿತು. ಆರುನೂರೆಪ್ಪತ್ತನ್ನು ಮೂರು ನಿಮಿಷಕ್ಕೆ ಗುಣಿಸಿ ಐವತ್ತೆರಡು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ನಲವತ್ತು ನಿಮಿಷ. ತಲೆ ಎತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಶಿವಲಿಂಗಮ್ಮನ ಕೈ ನಿಂತುಹೋಗಿತ್ತು.

"ಇದೇನು?" ಎಂದರು ಹನುಮಯ್ಯ, ಪುಟದ ಅಂಚಿಗೆ ಪೆನ್ಸಿಲ್ ಇಟ್ಟು. "ಎರಡೂ ಹತ್ತು, ಲೈನ್ ಬ್ಯುಸಿ. ಎರಡೂ ಕಾಲು, ಲೈನ್ ಬ್ಯುಸಿ. ಎರಡೂ ಇಪ್ಪತ್ತು. ಎಲ್ಲಾ ಅದೇ ಹೊತ್ತು. ಆಗ ನಾನು ಮಲಗಿರ್ತೀನಿ, ನೀನು ಮೇಲಿರ್ತೀಯ. ಲೈನ್ ಯಾರು ಹಿಡ್ಕೊಂಡಿದ್ರು? ಫೋನ್ ಎತ್ತಿದಾಗ ಏನ್ ಕೇಳಿಸ್ತು?"

"ಏನೂ ಇಲ್ರೀ. ಬರೇ ಕರಕರ ಅಂತಿತ್ತು."

"ಕರಕರ ಅಂದ್ರೆ ಹೊರಗಡೆ ಯಾರೋ ತಂತಿಗೆ ಕೈ ಹಾಕಿದ್ದಾರೆ. ನಾಳೆನೇ ಎಕ್ಸ್‌ಚೇಂಜಿಗೆ ಬರೆದು ಕೊಡ್ತೀನಿ. ಎರಡು ಗಂಟೆಗೆ ಯಾವ ನಂಬರಿಗೆ ಹೋಗುತ್ತೆ ಅಂತ ಅವ್ರು ಕೂತು ನೋಡ್ಲಿ."

ನೋಡಿದರೆ ಲಗ್ಗೆರೆಯ ನಂಬರು ಸಿಗುತ್ತದೆ. ನಿಜ ಹೇಳಿದರೆ ಎಂಟುನೂರು ರೂಪಾಯಿ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಬಾಗಿಲಲ್ಲಿದ್ದ ಹೆಂಗಸು ಅವಳನ್ನು ನೋಡುತ್ತಿರಲಿಲ್ಲ. ಮೊರವನ್ನೇ ನೋಡುತ್ತಿದ್ದಳು, ಬೈಗುಳಕ್ಕೆ ಕಾಯುತ್ತಿರುವವರ ಹಾಗೆ.

"ಸರ್," ಎಂದಳು ಭಾಗ್ಯಶ್ರೀ. "ನಂದೇ ತಪ್ಪಾಗಿರಬೇಕ್ರಿ. ಒಂದೊಂದ್ ಸಲ ಮೋಡೆಮ್ ತಾನ ಲೈನ್ ಹಿಡಕೊಂಡು ಬಿಡತದ. ನಾ ಕಟ್ ಆಗೇತಿ ಅನ್ಕೊಂಡಿರತೀನಿ. ಬ್ಯುಸಿ ಅಂತ ಬರದದ್ದು ಅದ ಇರಬೇಕು."

ಹನುಮಯ್ಯ ನೋಟ್‌ಬುಕ್ ಮುಚ್ಚಿ ಅವಳ ಕಡೆ ಸರಿಸಿದರು. ಅವರಿಗೆ ಸಿಟ್ಟಿಗಿಂತ ಬೇಸರವಾಗಿತ್ತು.

"ಇಷ್ಟು ಚೆನ್ನಾಗಿ ಬರೆಯೋಳು ಹೀಗಾ ಮಾಡೋದು? ದುಡ್ಡು ಕಟ್ಬಿಡಮ್ಮ. ಶನಿವಾರ ಮೇಲಿನ ಫೋನ್ ಬಿಚ್ಚಿಸ್ತೀನಿ. ಯಾರೂ ಮುಟ್ಟದ ಹಾಗೆ ಕೆಳಗಡೆದಕ್ಕೂ ಬೀಗ ಹಾಕ್ತೀನಿ. ಇನ್ಮೇಲೆ ನನ್ನ ಲೈನಲ್ಲಿ ಈ ಇಂಟರ್‌ನೆಟ್ಟು ಬೇಡ."

ಸಂಜೆ ಸಿದ್ರಾಮನಿಗೆ ಎಲ್ಲವನ್ನೂ ಹೇಳಿದಳು. ಅವನು ಊಟದ ತಟ್ಟೆ ಸರಿಸಿದ.

"ಎಂಟನೂರು ರೂಪಾಯಿ ಅಂದ್ರ ನನ್ನ ಐದ್ ದಿನದ ಪಗಾರ. ಅಕಿ ತನ್ನ ಮಗಳ ಜೋಡಿ ಮಾತಾಡಿದ್ದಕ್ಕ ನೀ ಯಾಕ ಕಟ್ಟಬೇಕು?"

"ನಾ ಅಲ್ಲೇ ಕುಂತಿದ್ದೆ ರೀ. ಬಾಯಿ ಬರಲಿಲ್ಲ."

"ಫೋನ್ ಇಲ್ದ ನಿನ್ನ ಕೆಲಸ ಹ್ಯಾಂಗ?"

ಸೋಮವಾರ ಬೆಳಿಗ್ಗೆ ಅವಳು ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋದಳು. ಸ್ವಂತ ಕನೆಕ್ಷನ್ನಿಗೆ ವಿಚಾರಿಸಿದರೆ ಆ ಬೀದಿಯ ಕಂಬದಲ್ಲಿ ಜಾಗವಿಲ್ಲ, ಮೂರು ತಿಂಗಳಾದರೂ ಕಾಯಬೇಕು ಎಂದರು. ಕಂಪನಿಗೆ ಫೋನ್ ಮಾಡಿದರೆ, "ಅದು ನಿಮ್ಮ ಪ್ರಾಬ್ಲಮ್ ಮೇಡಂ. ಬಿಡೋದಾದ್ರೆ ಹದಿನೈದು ಸಾವಿರ ತಂದು ಮಾರ್ಕ್ಸ್ ಕಾರ್ಡ್ ತಗೊಂಡ್ಹೋಗಿ," ಎಂದು ಇಟ್ಟರು.

ಅಂದು ಮಧ್ಯಾಹ್ನ ಎರಡಕ್ಕೆ ಶಿವಲಿಂಗಮ್ಮ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೇ ಕೂತಳು.

"ತಪ್ಪಾಯ್ತು ಕಣವ್ವ. ಮಗಳ ಮನೇಗೆ ಎರಡು ತಿಂಗಳಿಂದೀಚೆಗೆ ಫೋನು ಬಂತು. ನಿನ್ನ ಬಿಲ್ಲು ದೊಡ್ಡದು, ಅದ್ರೊಳಗೆ ಸೇರ್ಕೊಂಡೋಯ್ತದೆ ಅನ್ಕಂಡೆ."

ಭಾಗ್ಯಶ್ರೀಗೆ ರೇಗಿತು. "ಗೊತ್ತಿದ್ದೂ ಮಾಡಿದ್ರೇನ್ರಿ? ನಾ ಒಂದ್ ನಿಮಿಷ ಉಳಸಾಕ ಐದಕ್ಕ ಏಳ್ತೀನಿ ಅಮ್ಮಾ. ನೀವು ಹೋಗಿ ಸರ್‌ಗೆ ಹೇಳ್ರಿ."

"ಹೇಳಕ್ಕೆ ಆಗಲ್ಲ ನನ್ ಕೈಲಿ. ನಲವತ್ತು ವರ್ಸ ಆಯ್ತು, ಅವ್ರ ಮುಂದೆ ಒಂದು ಮಾತು ಎತ್ತಿಲ್ಲ ನಾನು." ಶಿವಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಗೂಗೆ ಹಲ್ಲು ಬಂದೈತಂತೆ. ಇನ್ನೂ ಕಣ್ಣಲ್ಲಿ ಕಂಡಿಲ್ಲ ಅದನ್ನ."

ಭಾಗ್ಯಶ್ರೀ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡಲು ಕೂತಳು. ಶಿವಲಿಂಗಮ್ಮ ಎರಡು ನಲವತ್ತರವರೆಗೂ ಅಲ್ಲೇ ಕೂತಿದ್ದು ಇಳಿದು ಹೋದಳು.

ಶನಿವಾರ ತಂತಿ ಬಿಚ್ಚಿದರು. ಕೆಳಗಿನ ಫೋನಿಗೆ ಬೀಗ ಬಿತ್ತು. ಹೊರಗಿನಿಂದ ಬರುವ ಕರೆ ತೆಗೆದುಕೊಳ್ಳಬಹುದಿತ್ತು, ಇಲ್ಲಿಂದ ಮಾಡುವಂತಿರಲಿಲ್ಲ. ಬೀಗದ ಕೈ ಹನುಮಯ್ಯನವರ ಜೇಬು ಸೇರಿತು. ಭಾಗ್ಯಶ್ರೀ ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡು ದಿನಕ್ಕೆ ಎರಡು ಸಲ ದಾಸರಹಳ್ಳಿಯ ಸೈಬರ್ ಸೆಂಟರಿಗೆ ಓಡತೊಡಗಿದಳು. ಗಂಟೆಗೆ ಇಪ್ಪತ್ತೈದು ರೂಪಾಯಿ. ಅಂಗಡಿ ತೆರೆಯುತ್ತಿದ್ದದ್ದೇ ಹತ್ತಕ್ಕೆ, ಹಾಗಾಗಿ ಫೈಲುಗಳು ತಡವಾಗಿ ಅರ್ಧ ದುಡ್ಡಿಗೆ ಇಳಿದವು. ಬಸ್ಸು, ಸೈಬರ್, ಕಂತು ಎಲ್ಲ ಕಳೆದರೆ ತಿಂಗಳಿಗೆ ನೂರಿಪ್ಪತ್ತು ರೂಪಾಯಿ ಮಿಗುತ್ತಿತ್ತು. ಬಿಟ್ಟರೆ ಹದಿನೈದು ಸಾವಿರ. ಅವಳು ಆ ಲೆಕ್ಕವನ್ನು ಮೂರು ಸಲ ಹಾಕಿದಳು. ಮೂರು ಸಲವೂ ಅಷ್ಟೇ ಬಂತು.

ಬೀಗ ಬಿದ್ದ ಹತ್ತನೇ ದಿನ. ಫೋನಿಲ್ಲದೆ ನಾಗವೇಣಿಗೆ ಗಾಬರಿಯಾಗಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕೆಳಗೆ ಫೋನು ಹೊಡೆಯಿತು. ಶಿವಲಿಂಗಮ್ಮ ಸ್ನಾನಕ್ಕೆ ಹೋಗಿದ್ದಳು. ಹನುಮಯ್ಯ ಎತ್ತಿದರು. ಅವರು 'ಹಲೋ' ಎನ್ನುವ ಮೊದಲೇ ಆ ಕಡೆಯಿಂದ ಮಾತು ಬಂತು.

"ಅಮ್ಮಾ? ಯಾಕಮ್ಮ ಫೋನೇ ಮಾಡ್ಲಿಲ್ಲ? ದಿನಾ ಎರಡು ಗಂಟೆಗೆ ಕಾಯ್ತಾ ಕೂತಿರ್ತೀನಿ. ಹುಷಾರಾಗಿದ್ದೀಯಾ? ಅಮ್ಮಾ?"

ಹನುಮಯ್ಯ ಮಾತಾಡದೆ ರಿಸೀವರ್ ಇಟ್ಟರು. ಇಪ್ಪತ್ತೆಂಟು ವರ್ಷ ಬಂದ ಹೊತ್ತು ಹೋದ ಹೊತ್ತು ನೋಡಿದವರಿಗೆ ಅಷ್ಟು ಸಾಕಾಯಿತು.

ಇದನ್ನೆಲ್ಲ ಭಾಗ್ಯಶ್ರೀಗೆ ಆಮೇಲೆ ಹೇಳಿದವಳು ನಾಗವೇಣಿಯಿಂದ ಕೇಳಿದ ಶಿವಲಿಂಗಮ್ಮನೇ. ಅಂದು ಭಾಗ್ಯಶ್ರೀ ಕಣ್ಣಾರೆ ಕಂಡದ್ದು ಇಷ್ಟು: ಹನುಮಯ್ಯ ಮೆಟ್ಟಿಲು ಹತ್ತಿ ಬಂದು, ಎಂಟುನೂರ ನಾಲ್ಕು ರೂಪಾಯಿಯನ್ನು ಕಂಪ್ಯೂಟರ್ ಪಕ್ಕ ಎಣಿಸಿಟ್ಟರು.

"ನಿನ್ನ ಲೆಕ್ಕ ಸರಿ ಇತ್ತು. ನನ್ ಹತ್ರ ಸುಳ್ಳು ಯಾಕೆ ಹೇಳ್ದೆ?"

ಭಾಗ್ಯಶ್ರೀ ತಲೆ ತಗ್ಗಿಸಿದಳು. "ಸರ್, ಫೋನ್..." ಎಂದು ಕೇಳಲು ಹೋದಳು.

"ಅದು ಆಗಲ್ಲ," ಎಂದು ಅವರು ಇಳಿದು ಹೋದರು. ಕೆಳಗೆ ಜಗಳವೇನೂ ಕೇಳಿಸಲಿಲ್ಲ. ನಾಲ್ಕು ದಿನ ಗಂಡ ಹೆಂಡತಿ ಮಾತೇ ಆಡಲಿಲ್ಲವೆಂದು ಆಮೇಲೆ ಗೊತ್ತಾಯಿತು. ಬೀಗವೂ ಹಾಗೇ ಇತ್ತು.

ಐದನೇ ದಿನ ಭಾಗ್ಯಶ್ರೀ ಹತ್ತಕ್ಕೆ ಚೀಲ ಹಿಡಿದು ಇಳಿದಾಗ ಶಿವಲಿಂಗಮ್ಮ ಒಗೆದ ಸೀರೆಯುಟ್ಟು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಹನುಮಯ್ಯ ಪೇಪರ್ ಇಳಿಸಿ ಕೇಳಿದರು.

"ಎಲ್ಲಿಗೆ?"

ಶಿವಲಿಂಗಮ್ಮ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದಳು. ದೇವಸ್ಥಾನಕ್ಕೆ ಎನ್ನುತ್ತಾಳೆಂದು ಭಾಗ್ಯಶ್ರೀ ಎಣಿಸಿದ್ದಳು.

"ಲಗ್ಗೆರೆಗೆ. ಮಗೀನ ನೋಡ್ಕಂಡು ಬತ್ತೀನಿ."

ಹನುಮಯ್ಯ ಹೆಂಡತಿಯನ್ನು ನೋಡಿದರು. ಆಮೇಲೆ ಕೈಗಡಿಯಾರ ನೋಡಿಕೊಂಡರು.

"ಬಸ್ಸು ಹತ್ತೂ ಇಪ್ಪತ್ತಕ್ಕೆ," ಎಂದು ಪೇಪರನ್ನು ಮತ್ತೆ ಮುಖಕ್ಕೆ ಎತ್ತಿಕೊಂಡರು.

ಇಬ್ಬರೂ ಮುಖ್ಯರಸ್ತೆಯವರೆಗೆ ಒಟ್ಟಿಗೆ ನಡೆದರು. ಭಾಗ್ಯಶ್ರೀ ಅವಳನ್ನು ಲಗ್ಗೆರೆಯ ಬಸ್ಸು ಹತ್ತಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಎರಡು ಸಲ ಹೇಳಿದಳು. ಕಿಟಕಿಯಿಂದ ಶಿವಲಿಂಗಮ್ಮ ಏನೋ ಕೂಗಿದಳು, ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ಸೈಬರ್ ಸೆಂಟರಿನಲ್ಲಿ ಮೂರು ಜನ ಮುಂಚೆಯೇ ಕಾಯುತ್ತಿದ್ದರು. ಹನ್ನೊಂದಾಗುವ ಹೊತ್ತಿಗೆ ಅವಳಿಗೆ ಒಂದು ಕುರ್ಚಿ ಸಿಕ್ಕಿತು. ಅಂದಿನ ಫೈಲುಗಳು ದೊಡ್ಡವಿದ್ದವು, ಲೈನು ನಿಧಾನವಿತ್ತು. ಅಂಗಡಿಯವನು ಚೀಟಿಯಲ್ಲಿ ಅವಳು ಕೂತ ಹೊತ್ತನ್ನು ಬರೆದುಕೊಂಡ. ಒಪ್ಪಂದ ಮುಗಿಯಲು ಇನ್ನೂ ಹದಿಮೂರು ತಿಂಗಳು ಹನ್ನೊಂದು ದಿನ ಇತ್ತು. ಫೈಲ್ ಎಷ್ಟು ಇಳಿಯಿತೆಂದು ಪರದೆಯ ಮೇಲೆ ತೋರಿಸುವ ನೀಲಿ ಗೆರೆ ಅರ್ಧಕ್ಕೆ ಬಂದು ನಿಂತಿತು. ಅವಳು ಮೌಸಿನ ಮೇಲೆ ಕೈಯಿಟ್ಟು, ಅದು ಮುಂದೆ ಸರಿಯಲೆಂದು ಕಾಯುತ್ತ ಕೂತಳು.