ತಂದೆಯ ತಲೆ

ನಮ್ಮ ಮನೆಯಲ್ಲಿ ಆ ವಸ್ತುವಿಗೆ ಹೆಸರಿರಲಿಲ್ಲ. ಅಮ್ಮ ಅದನ್ನು ‘ಅಪ್ಪನದು’ ಎನ್ನುತ್ತಿದ್ದಳು. ಅಪ್ಪನದು ಇನ್ನೂ ಒಣಗಿಲ್ಲ, ರೂಮಿನ ಕದ ತೆಗೆಯಬೇಡಿ. ಅಪ್ಪನದನ್ನು ಬಾಚಿ ಇಟ್ಟಿದ್ದೇನೆ, ಬೀರುವಿನ ಹತ್ತಿರ ಹೋಗಬೇಡಿ. ಹೊರಗಿನವರು ಕೇಳಿಸಿಕೊಂಡರೆ ಯಾವುದೋ ಕೋಟು ಇರಬೇಕು ಎಂದುಕೊಳ್ಳಬೇಕು. ಅದು ವಿಗ್ಗು. ಒಂದಲ್ಲ, ಮೂರು. ಒಂದರಲ್ಲಿ ಕೂದಲು ಗಿಡ್ಡ, ಇನ್ನೊಂದರಲ್ಲಿ ಸಾಧಾರಣ, ಮತ್ತೊಂದರಲ್ಲಿ ಕಿವಿಯ ಮೇಲೆ ಇಳಿಯುವಷ್ಟು ಉದ್ದ. ತಿಂಗಳು ಕಳೆಯುತ್ತಿದ್ದಂತೆ ಅಪ್ಪ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ತಿಂಗಳ ಮೊದಲ ಭಾನುವಾರ ರೂಮಿನ ಬಾಗಿಲು ಹಾಕಿಕೊಂಡು, ಅರ್ಧ ಗಂಟೆ ಬಿಟ್ಟು ಗಿಡ್ಡ ಕೂದಲಿನವರಾಗಿ ಹೊರಗೆ ಬರುತ್ತಿದ್ದರು. ಕಟಿಂಗ್ ಚೆನ್ನಾಗಿ ಆಗಿದೆ ಎಂದು ಅಮ್ಮ ಹೇಳುತ್ತಿದ್ದಳು, ಮುಖದ ಒಂದು ಗೆರೆಯೂ ಅಲುಗದಂತೆ. ನಾನೂ ತಮ್ಮನೂ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದೆವು.

ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದರು. ಎಂಥ ಬೇಸಿಗೆಯಲ್ಲೂ ಅವರ ಕಾರಿನ ಗಾಜು ಕೆಳಗಿಳಿಯುತ್ತಿರಲಿಲ್ಲ. ಕಲಿಯಲು ಬಂದವರು ಬೆವರಿನಲ್ಲಿ ಮುಳುಗಿ ಕ್ಲಚ್ಚು ಒತ್ತುತ್ತಿದ್ದರು, ಮೇಷ್ಟ್ರಿಗೆ ಧೂಳಿನ ಅಲರ್ಜಿ ಎಂದು ತಮ್ಮತಮ್ಮಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಒಂದು ಸಲ ಬಚ್ಚಲಮನೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಅಪ್ಪನ ತಲೆ ಹಣೆಯಿಂದ ಹಿಂದಲೆಯವರೆಗೆ ನುಣ್ಣಗಿತ್ತು. ಕಿವಿಯಿಂದ ಕಿವಿಗೆ ಒಂದು ಬೆರಳಗಲದ ಕೂದಲು ಮಾತ್ರ ಉಳಿದಿತ್ತು. ಅಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನೀನು ಏನೂ ನೋಡಿಲ್ಲ ಎಂದಳು. ಆಯಿತು, ನೋಡಿಲ್ಲ ಎಂದೆ. ಆ ಮಾತನ್ನು ನಾನು ಬಹಳ ಚೆನ್ನಾಗಿ ಉಳಿಸಿಕೊಂಡೆ.

ಇಂಥ ಮನೆಯಲ್ಲಿ ಹುಟ್ಟಿದವಳು ಹೋಗಿ ಸೇರಿದ್ದು ಕೂದಲು ಕಸಿ ಮಾಡುವ ಕ್ಲಿನಿಕ್ಕಿಗೆ. ಹಣೆಬರಹ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕ್ಲಿನಿಕ್ಕು ಮನೆಗೆ ಹತ್ತಿರವಿತ್ತು, ಭಾನುವಾರ ರಜೆಯಿತ್ತು, ಅಷ್ಟೇ. ಡಾಕ್ಟರು ಹಿಂದಲೆಯಿಂದ ಒಂದೊಂದೇ ಬೇರನ್ನು ಸಣ್ಣ ಕೊಳವೆಯಂಥ ಸೂಜಿಯಿಂದ ಕೊರೆದು ಬಿಡಿಸುತ್ತಾರೆ. ನಾನು ಅದನ್ನು ಚಿಮಟದಲ್ಲಿ ಎತ್ತಿ, ಮೈಕ್ರೋಸ್ಕೋಪಿನ ಕೆಳಗೆ ನೋಡಿ ವಿಂಗಡಿಸುತ್ತೇನೆ. ಒಂಟಿ ಕೂದಲಿನ ಬೇರು ಒಂದು ಬಟ್ಟಲಿಗೆ, ಜೋಡಿಯದು ಇನ್ನೊಂದಕ್ಕೆ, ಮೂರು ಕೂದಲಿನದು ಮತ್ತೊಂದಕ್ಕೆ. ಬಟ್ಟಲಲ್ಲಿ ತಣ್ಣಗಿನ ಉಪ್ಪುನೀರು. ಒಂಟಿಯವು ಹಣೆಯ ಅಂಚಿಗೆ ಹೋಗುತ್ತವೆ, ಗುಂಪಿನವು ಹಿಂದಕ್ಕೆ. ಎಂಟು ಗಂಟೆ ಕತ್ತು ಬಗ್ಗಿಸಿ ಕೂತರೆ ಒಂದು ತಲೆ ಮುಗಿಯುತ್ತದೆ.

ಇನ್ನೊಂದು ವಿಷಯಕ್ಕೂ ನಾನು ಅಲ್ಲಿ ಹೆಸರುವಾಸಿಯಾಗಿದ್ದೆ. ಟೀ ಹೊತ್ತಿನಲ್ಲಿ ವಿಗ್ಗು ಹಾಕಿಕೊಂಡು ಬರುವವರ ನಕಲು ಮಾಡುತ್ತಿದ್ದೆ. ಯಾರಾದರೂ ಕರೆದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುವುದು. ಕುರ್ಚಿಯಲ್ಲಿ ಕೂರುವ ಮೊದಲು ಮೇಲಿನ ಫ್ಯಾನನ್ನು ಒಮ್ಮೆ ಓರೆಗಣ್ಣಿನಿಂದ ನೋಡುವುದು. ಸೀನು ಬಂದರೆ ಮೂಗು ಬಿಟ್ಟು ಹಣೆ ಹಿಡಿದುಕೊಳ್ಳುವುದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಹಿರಿಯ ನರ್ಸು ಕೇಳಿದಾಗ, ಪೇಷೆಂಟುಗಳನ್ನು ನೋಡಿ ನೋಡಿ ಎಂದಿದ್ದೆ. ಹಾಗೆ ನಗಿಸುವಾಗ ನನಗೆ ನಾಚಿಕೆಯಾಗುತ್ತಿತ್ತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ನನಗೆ ಹಿತವಾಗುತ್ತಿತ್ತು. ಮನೆಯಲ್ಲಿ ಇಪ್ಪತ್ತು ವರ್ಷ ನುಂಗಿಕೊಂಡ ನಗುವನ್ನು ಅಲ್ಲಿ ಕಕ್ಕುತ್ತಿದ್ದೆ.

ತಮ್ಮನಿಗೆ ಇಪ್ಪತ್ತೊಂದಕ್ಕೇ ಕೂದಲು ಉದುರಲು ಶುರುವಾಯಿತು. ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಆ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಗಿರಾಕಿಗೆ ಫ್ರೇಮು ತೊಡಿಸಿ ಕನ್ನಡಿ ಹಿಡಿದರೆ, ಅದರ ಮೂಲೆಯಲ್ಲಿ ತನ್ನ ಹಣೆಯೇ ಕಾಣುತ್ತಿತ್ತು. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ನೋಡುವುದೂ ಎದುರಿಗಿದ್ದವನನ್ನೇ ತಾನೆ. ಒಬ್ಬ ಹೆಂಗಸು, ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ, ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದಳಂತೆ. ಅವನು ಅಂದು ಊಟ ಬಿಟ್ಟ. ಆಮೇಲೆ ಎಣ್ಣೆಗಳು ಬಂದವು, ಈರುಳ್ಳಿ ರಸ ಬಂತು, ಮೊಳೆಗಳಿರುವ ಒಂದು ಉರುಳೆ ಬಂತು. ಅದನ್ನು ತಲೆಯ ಮೇಲೆ ಉರುಳಿಸಿಕೊಂಡು ರಕ್ತ ಒರೆಸಿಕೊಳ್ಳುತ್ತಿದ್ದ. ದಿಂಬಿನ ಮೇಲಿನ ಕೂದಲನ್ನು ಆರಿಸಿ ಕಾಗದದಲ್ಲಿ ಮಡಿಸಿಟ್ಟು ನನಗೆ ತಂದು ತೋರಿಸುತ್ತಿದ್ದ. ನಾನು ಬೈಯುತ್ತಿದ್ದೆ, ಆಮೇಲೆ ಒಬ್ಬಳೇ ಕೂತು ಅಳುತ್ತಿದ್ದೆ.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಅವನ ತಲೆಯನ್ನು ಬಹಳ ಹೊತ್ತು ನೋಡಿದರು. ಅದು ತಿಂಗಳ ಕೊನೆ, ಅಪ್ಪನ ಕೂದಲು ಕಿವಿಯ ಮೇಲಿತ್ತು.

"ಇದು ಎಲ್ಲಿಂದ ಬಂತೋ ಇವನಿಗೆ. ನಮ್ಮ ವಂಶದಲ್ಲೇ ಇಲ್ಲ" ಎಂದರು.

ಅಮ್ಮ ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿದಳು.

ಅವನಿಗೆ ಇಪ್ಪತ್ನಾಲ್ಕಾದಾಗ ಕಸಿ ಮಾಡಿಸಿಕೊಂಡೇ ತೀರುತ್ತೇನೆ ಎಂದು ಹಟ ಹಿಡಿದ. ನಮ್ಮ ಡಾಕ್ಟರ ಬಗ್ಗೆ ಒಂದು ಮಾತು ಹೇಳಬೇಕು. ಬಂದವರನ್ನೆಲ್ಲ ಮೇಜಿನ ಮೇಲೆ ಮಲಗಿಸುವ ಜಾತಿಯವರಲ್ಲ ಅವರು. ಹುಡುಗರು ಬಂದರೆ ಅರ್ಧಕ್ಕರ್ಧ ಜನರನ್ನು ವಾಪಸು ಕಳಿಸುತ್ತಿದ್ದರು. ವರ್ಷಗಟ್ಟಲೆ ಮಾತ್ರೆ ತಗೊಳ್ಳಿ, ತಲೆಗೆ ಔಷಧಿ ಹಚ್ಚಿ, ಬೇಕಾದರೆ ನಿಮ್ಮದೇ ರಕ್ತದಿಂದ ತೆಗೆದ ಇಂಜೆಕ್ಷನ್ನು ಕೊಡುತ್ತೇನೆ, ಎಷ್ಟು ಉದುರಬೇಕೋ ಅಷ್ಟು ಉದುರಿ ನಿಲ್ಲಲಿ, ಆಮೇಲೆ ಬನ್ನಿ ಎನ್ನುತ್ತಿದ್ದರು. ಇಲ್ಲವಾದರೆ ಪೂರ್ತಿ ಬೋಳಿಸಿ ಓಡಾಡಿ, ಯಾರ ತಲೆಯೂ ಹೋಗುವುದಿಲ್ಲ ಎಂದು ನಗುತ್ತಿದ್ದರು. ಹಿಂದಲೆಯ ಕೂದಲು ಗಿಡ್ಡ ಹೊದಿಕೆ ಇದ್ದ ಹಾಗೆ, ಮುಂದಕ್ಕೆ ಎಳೆದರೆ ಹಿಂದೆ ಬರಿದಾಗುತ್ತದೆ, ಬೋಳು ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿಯದೆ ಎಳೆಯಬಾರದು ಎಂಬುದು ಅವರ ಲೆಕ್ಕ. ಅದನ್ನು ಅಂದಾಜು ಮಾಡಲು ಅವರದೊಂದು ಕ್ರಮವಿತ್ತು. ಇಪ್ಪತ್ತೈದರ ಒಳಗಿನವರು ತಂದೆಯನ್ನೂ ಸೋದರಮಾವನನ್ನೂ ಕರೆದುಕೊಂಡು ಬರಬೇಕು. ಅವರು ಆ ತಲೆಗಳನ್ನು ದೀಪದ ಕೆಳಗೆ ಕೈಯಾಡಿಸಿ ನೋಡುತ್ತಿದ್ದರು. ತಂದೆಯದು ಬೋಳಾಗಿದ್ದರೆ ಹುಡುಗನನ್ನು ಮೂವತ್ತರವರೆಗೆ ಮುಟ್ಟುತ್ತಿರಲಿಲ್ಲ.

ನನ್ನ ತಮ್ಮ ಸೋದರಮಾವನನ್ನು ಮಾತ್ರ ಕರೆದುಕೊಂಡು ಬಂದ. ಮಾವನದು ಕುದುರೆ ಬಾಲದಂಥ ಕೂದಲು. ಡಾಕ್ಟರಿಗೆ ಖುಷಿಯಾಯಿತು. ತಮ್ಮನ ನೆತ್ತಿಯನ್ನು ಭೂತಗನ್ನಡಿಯಲ್ಲಿ ನೋಡಿ, ಇಲ್ಲಿ ಸ್ವಲ್ಪ ತೆಳ್ಳಗಾಗಿದೆ, ತಂದೆಯವರದು ನೋಡಿದರೆ ತೀರ್ಮಾನ ಮಾಡಬಹುದು ಎಂದರು. ಆಮೇಲೆ ಫೈಲಿನಿಂದ ಕಣ್ಣೆತ್ತಿ ನನ್ನನ್ನು ನೋಡಿ ನಕ್ಕರು.

"ಅವರನ್ಯಾಕೆ ಇಲ್ಲೀವರೆಗೆ ಓಡಾಡಿಸೋದು. ನೀವು ನಮ್ಮೋರೇ. ನೀವೇ ಹೇಳಿ, ತಂದೆಯವರ ತಲೆ ಹೇಗಿದೆ?"

ಟ್ರೇ ಹಿಡಿದು ನಿಂತಿದ್ದೆ. ತಮ್ಮ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಹಿರಿಯ ನರ್ಸು, ಇವರ ತಂದೆಯವರ ಫೋಟೋ ನಾನು ನೋಡಿದ್ದೇನೆ, ಈ ವಯಸ್ಸಲ್ಲೂ ಏನು ಕೂದಲು ಅಂತೀರಿ ಎಂದರು. ಅದು ನನ್ನ ಫೋನಿನಲ್ಲಿದ್ದ ಫೋಟೋ, ನಾನೇ ತೋರಿಸಿದ್ದು. ಆ ಕ್ಷಣದಲ್ಲಿ ನಾನು ತಮ್ಮನ ಬಗ್ಗೆ ಯೋಚಿಸಲಿಲ್ಲ. ಅಪ್ಪನ ಬಗ್ಗೆಯೂ ಯೋಚಿಸಲಿಲ್ಲ. ಅದು ವಿಗ್ಗು ಎಂದು ಹೇಳಿದರೆ ಟೀ ರೂಮಿನಲ್ಲಿ ನಾನು ಮಾಡುವ ನಕಲು ಯಾರದೆಂದು ಇವರಿಗೆಲ್ಲ ತಿಳಿಯುತ್ತದಲ್ಲ, ಹೆತ್ತ ಅಪ್ಪನನ್ನೇ ಆಡಿಕೊಂಡು ನಗಿಸಿದವಳು ಎನ್ನುತ್ತಾರಲ್ಲ ಎಂದು ಮಾತ್ರ ತಲೆಗೆ ಬಂತು.

"ತುಂಬಾ ಕೂದಲಿದೆ ಡಾಕ್ಟ್ರೇ" ಎಂದೆ.

ತಂದೆ ಎಂಬ ಕಾಲಮಿನ ಎದುರು ‘ದಟ್ಟ’ ಎಂದು ಬರೆಯಲು ಹೇಳಿದರು. ನಾನೇ ಬರೆದೆ, ದುಂಡಗಿನ ಅಕ್ಷರದಲ್ಲಿ. ಆಮೇಲೆ ಡಾಕ್ಟರು ಪೆನ್ನು ತೆಗೆದುಕೊಂಡು ತಮ್ಮನ ಹಣೆಯ ಮೇಲೆ, ಹೊಸ ಕೂದಲು ಶುರುವಾಗುವ ಕಡೆ ಗೆರೆ ಎಳೆದರು. ಇನ್ನೂ ಸ್ವಲ್ಪ ಕೆಳಗೆ ಬರಲಿ ಎಂದು ಅವನು ಕೇಳಿದ, ಅವರು ಬೆರಳಗಲ ಇಳಿಸಿದರು. ತಂದೆಯದು ದಟ್ಟವಾಗಿದೆಯಲ್ಲ, ಧಾರಾಳವಾಗಿ ತೆಗೆಯಬಹುದು ಎಂದರು.

ಮೂರು ಸಾವಿರದ ಇನ್ನೂರು ಬೇರು. ಒಂದೊಂದನ್ನೂ ನಾನೇ ಎತ್ತಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಸಾವಿರ ದಾಟಿದಾಗ, ಈಗ ಹೇಳಿದರೂ ತಡವಾಗಿಲ್ಲ, ಅರ್ಧಕ್ಕೆ ನಿಲ್ಲಿಸುತ್ತಾರೆ, ಉಳಿದದ್ದು ಮುಂದಕ್ಕೆ ಆಗುತ್ತದೆ ಎಂದು ಅನಿಸಿತು. ಬಟ್ಟಲಿನ ನೀರು ಬದಲಾಯಿಸಿದೆ. ಮತ್ತೆ ಕತ್ತು ಬಗ್ಗಿಸಿ ಎಣಿಕೆ ಮುಂದುವರಿಸಿದೆ.

ಎರಡು ವರ್ಷ ಅವನು ರಾಜನ ಹಾಗೆ ಓಡಾಡಿದ. ಮುಂದಲೆಯ ಕೂದಲನ್ನು ಹಣೆಗೆ ಬಿಟ್ಟುಕೊಂಡು ಅಂಗಡಿಯ ಕನ್ನಡಿಗಳನ್ನೆಲ್ಲ ತಾನೇ ಒರೆಸುತ್ತಿದ್ದ. ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದ ಔಷಧಿ ಅಂಗಡಿಯ ಹುಡುಗಿಯ ಜೊತೆ ಮಾತಾಯಿತು, ಎರಡೂ ಮನೆಯವರು ಕೂತು ಮದುವೆಯ ವಿಷಯ ಎತ್ತಿದರು. ನಾನು ಬದುಕಿಕೊಂಡೆ ಎಂದುಕೊಂಡೆ.

ಮೂರನೆಯ ವರ್ಷ, ನೆಟ್ಟದ್ದರ ಹಿಂದಿದ್ದ ಅವನದೇ ಕೂದಲು ಹೋಗಲು ಶುರುವಾಯಿತು. ಮೊದಲು ನೆತ್ತಿ, ಆಮೇಲೆ ನೆತ್ತಿಯಿಂದ ಮುಂದಕ್ಕೆ. ನಾವು ನೆಟ್ಟದ್ದು ಮಾತ್ರ ಅಲ್ಲಾಡಲಿಲ್ಲ, ಹಿಂದಲೆಯಿಂದ ತಂದ ಕೂದಲಿಗೆ ಉದುರುವ ಗುಣವೇ ಇಲ್ಲ. ನಾಲ್ಕನೆಯ ವರ್ಷ ಮುಗಿಯುವ ಹೊತ್ತಿಗೆ ಅವನ ಹಣೆಯ ಅಂಚಿನಲ್ಲಿ ಮೂರು ಬೆರಳಗಲದ ಕಪ್ಪು ಪಟ್ಟಿ ದಟ್ಟವಾಗಿ ನಿಂತಿತ್ತು, ಅದರ ಹಿಂದೆ ಎಲ್ಲ ಬಯಲು. ಅಪ್ಪನ ಹಾಗೆ ಬೋಳಾಗಿದ್ದರೆ ಜನ ಒಂದು ಸಲ ನೋಡಿ ಸುಮ್ಮನಾಗುತ್ತಿದ್ದರು. ಇದನ್ನು ನೋಡಿದವರು ಮತ್ತೆ ತಿರುಗಿ ನೋಡುತ್ತಿದ್ದರು. ಪೂರ್ತಿ ಬೋಳಿಸಿಬಿಡೋಣವೆಂದರೆ ಹಿಂದಲೆಯ ತುಂಬ ಸೂಜಿ ಕೊರೆದ ಬಿಳಿ ಚುಕ್ಕೆ. ಮದುವೆಯ ಮಾತು ಮುಂದೆ ಹೋಯಿತು, ಆಮೇಲೆ ಇನ್ನೂ ಮುಂದೆ ಹೋಯಿತು, ಆಮೇಲೆ ಔಷಧಿ ಅಂಗಡಿಗೆ ಬೇರೆ ಹುಡುಗಿ ಬಂದಳು.

ಕಳೆದ ವಾರ ಅವನು ಟೊಪ್ಪಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ಬಂದ. ಡಾಕ್ಟರು ಹಿಂದಲೆಯನ್ನು ಬಹಳ ಹೊತ್ತು ನೋಡಿದರು. ಇನ್ನು ತೆಗೆದರೆ ಹಿಂದೆಯೂ ಇಲಿ ಕಡಿದ ಹಾಗೆ ಕಾಣುತ್ತದೆ ಎಂದರು. ಗಡ್ಡದ ಬೇರನ್ನು ಒಂದಷ್ಟು ತರಬಹುದು, ಅದು ಎಲ್ಲಿಗೂ ಸಾಲದು. ಹಚ್ಚೆಯ ಹಾಗೆ ಚುಕ್ಕಿ ಹಾಕಿಸಬಹುದು. ಮುಂದಿನ ಪಟ್ಟಿಯನ್ನೇ ಕಿತ್ತು ಹಿಂದಕ್ಕೆ ಹರಡಬಹುದು, ಆಗ ಹಣೆಯಲ್ಲಿ ಕಲೆ ಉಳಿಯುತ್ತದೆ. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣಗಾಯಿತು. ಫೈಲು ತೆಗೆದು ಹಳೆಯ ಪುಟ ತಿರುವಿದರು.

"ನಂಗೆ ಅರ್ಥ ಆಗ್ತಾ ಇಲ್ಲ. ತಂದೆಯವರದು ದಟ್ಟ ಅಂತ ಬರ್ಕೊಂಡಿದೀವಿ."

ತಮ್ಮ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನನ್ನ ಕಡೆ ನೋಡದೆ ಹೇಳಿದ.

"ನಮ್ಮಪ್ಪಂದು ವಿಗ್ಗು ಡಾಕ್ಟ್ರೇ."

ನಮ್ಮ ಮನೆಯವರ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಡಾಕ್ಟರು ನನ್ನನ್ನು ನೋಡಿದರು. ನಿಮಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಅತ್ತುಬಿಡುತ್ತಿದ್ದೆ. ಅವರು ಫೈಲು ಮುಚ್ಚಿ, ಮುಂದಿನವರನ್ನು ಕಳಿಸಲು ಹಿರಿಯ ನರ್ಸಿಗೆ ಹೇಳಿದರು. ನನಗೆ ಹೇಳಲಿಲ್ಲ.

ಮೆಟ್ಟಿಲ ಹತ್ತಿರ ತಮ್ಮನನ್ನು ಹಿಡಿದು ನಿಲ್ಲಿಸಿದೆ. ತಪ್ಪನ್ನು ಇಬ್ಬರಿಗೂ ಹಂಚಿಕೊಳ್ಳಬೇಕೆಂಬ ಆಸೆ ಎಲ್ಲಿಂದ ಬಂತೋ, ನೀನೂ ಅಲ್ಲೇ ಕೂತಿದ್ದೆಯಲ್ಲ, ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಹೇಳೋಣ ಅಂತಾನೇ ಇದ್ದೆ ಅಕ್ಕ. ನಂಗೇನು ಗೊತ್ತಿತ್ತು, ನಂಗೆ ಕನ್ನಡಕ ಬಿಟ್ರೆ ಏನೂ ಗೊತ್ತಿಲ್ಲ. ದಿನಾ ಇದೇ ಕೆಲ್ಸ ಮಾಡೋಳು ನೀನು. ನೀನು ದಟ್ಟ ಅಂತ ಹೇಳಿದ್ಯಲ್ಲ, ಅದ್ರಿಂದ ನನ್ ತಲೆಗೇನೂ ಆಗಲ್ಲ ಅಂತ ಗೊತ್ತಿದ್ದೇ ಹೇಳಿರ್ತೀಯ ಅಂದ್ಕೊಂಡೆ."

ಒಳಗೆ ಯಾರೋ ಮುಂದಿನ ಪೇಷೆಂಟಿನ ನಂಬರು ಕೂಗಿದರು. ಅವನು ಟೊಪ್ಪಿಗೆಯನ್ನು ಹಾಕಿಕೊಂಡು ಎರಡು ಮೆಟ್ಟಿಲು ಇಳಿದು ನಿಂತ.

"ಯಾಕಕ್ಕ ಹಾಗೆ ಹೇಳ್ದೆ?"

ನಿಜ ನಾಲಿಗೆಯ ತುದಿಯವರೆಗೆ ಬಂತು. ಟೀ ರೂಮಿನಲ್ಲಿ ನಕ್ಕವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಅಪ್ಪನ ಮರ್ಯಾದೆ ಹೋಗಬಾರದು ಅಂತ ಕಣೋ" ಎಂದೆ.

ಅವನು ಮೇಲೆ ಬಂದು ನನ್ನ ಕೈ ಹಿಡಿದು, ಹೋಗಲಿ ಬಿಡು, ಅಪ್ಪನಿಗೆ ಈ ವಿಷಯ ಹೇಳುವುದು ಬೇಡ, ನೊಂದುಕೊಳ್ಳುತ್ತಾರೆ ಎಂದ. ನನ್ನ ಈ ಮಾತನ್ನೂ ಅವನು ನಂಬಿದ್ದ.