ಒಂದು ಲೋಟದ ಸಿದ್ಧಾಂತ

ನಮ್ಮ ಮಾಸ್ಟರು ಯಾರನ್ನೂ ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ, ಭುಜ ನೋಡಿ ಹಿಡಿಯುತ್ತಿದ್ದರು. ಬೀದಿಯಲ್ಲಿ ಎದುರಾದವರು ನಕ್ಕು ನಮಸ್ಕಾರ ಮಾಡಿದರೆ ಮಾಸ್ಟರ ದೃಷ್ಟಿ ಮೊದಲು ಕುತ್ತಿಗೆಯ ಬುಡಕ್ಕಿಳಿದು, ಅಲ್ಲಿಂದ ಎಡಕ್ಕೂ ಬಲಕ್ಕೂ ಒಮ್ಮೆ ಹರಿದಾಡಿ ಬಂದ ಮೇಲಷ್ಟೇ ಬಾಯಿ ತೆರೆಯುತ್ತಿದ್ದರು. “ಬಲಗಡೆ ಅರ್ಧ ಇಂಚು ಇಳಿದಿದೆ. ಅಂಚೆ ಕಚೇರಿಯೋರಲ್ವಾ ನೀವು?” ಅವರು ವೃತ್ತಿಯಿಂದ ಕಟಿಂಗ್ ಮಾಸ್ಟರ್. ಅಂದರೆ, ಕೋಟಿನ ಬಟ್ಟೆಗೆ ಮೊದಲ ಕತ್ತರಿ ಹಾಕುವ ಅಧಿಕಾರ ಆ ಹೊಲಿಗೆ ಅಂಗಡಿಯಲ್ಲಿ ಅವರೊಬ್ಬರಿಗೇ ಇತ್ತು. ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನನ್ನೂ ಅವರು ಬಹುಕಾಲ ‘ಗೂನು ಬೀಳುವ ಲಕ್ಷಣದವರು’ ಎಂದೇ ಗುರುತಿಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಊರಿಗೆಲ್ಲ ಕೋಟು ಕತ್ತರಿಸಿಕೊಟ್ಟ ಈ ಮನುಷ್ಯನ ಸ್ವಂತ ಕೋಟು ಮಾತ್ರ ಎಂದೂ ಪೂರ್ತಿಯಾಗಲಿಲ್ಲ. ಬೂದುಬಣ್ಣದ, ಒಳ್ಳೆಯ ಉಣ್ಣೆಯ ಕೋಟದು. ಆದರೆ ಕೊನೆಗೆ ಬಿಚ್ಚಿ ತೆಗೆಯಬೇಕಾದ ಕಚ್ಚಾ ಹೊಲಿಗೆಯ ಬಿಳಿ ದಾರ ಕಾಲರಿನ ಸುತ್ತ ಹಾಗೇ ಉಳಿದಿತ್ತು, ಅದನ್ನೇ ತೊಟ್ಟು ಓಡಾಡುತ್ತಿದ್ದರು. ಯಾರಾದರೂ ಕೇಳಿದರೆ “ಗಿರಾಕಿಗಳದ್ದು ಮುಗೀಲಿ, ನಂದೇನು ಓಡಿಹೋಗುತ್ತಾ?” ಎನ್ನುತ್ತಿದ್ದರು. ಲೋಕದ ಸಮಸ್ತ ವ್ಯವಹಾರವನ್ನೂ ಇಂಚುಪಟ್ಟಿಯಲ್ಲೇ ಅಳೆಯುವುದು ಅವರ ಅಭ್ಯಾಸ. ಅವರ ಪ್ರಕಾರ ಬಿಸಿಲು ಅಳತೆಗಿಂತ ಒಂದಿಂಚು ಜಾಸ್ತಿಯಾಗುತ್ತಿತ್ತು, ಭಾಷಣಗಳು ತೋಳಿನಲ್ಲಿ ಉದ್ದವಾಗಿ ಎದೆಯಲ್ಲಿ ಬಿಗಿಯುತ್ತಿದ್ದವು. ತೀರಾ ಮೆಚ್ಚುಗೆಯಾದದ್ದಕ್ಕೆ ಕಣ್ಣು ಕಿರಿದು ಮಾಡಿ “ಅಳತೆಗೆ ಬಂತು” ಎನ್ನುತ್ತಿದ್ದರು, ಅದರ ಮೇಲೆ ಹೊಗಳಿಕೆಯಿಲ್ಲ.

ನಡೆಯುವಾಗ ನೆಲದ ಮೇಲೆ ಯಾರೋ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದಾರೆಂಬಂತೆ ನೇರವಾಗಿ ನಡೆಯುತ್ತಿದ್ದರು. ನಾನು ಆ ಕೋಣೆಗೆ ಬಂದ ಕೆಲಕಾಲದ ಮೇಲೆ ಆ ನಡಿಗೆಗೆ ಒಂದು ಹೊಸ ಠೀವಿ ಸೇರಿಕೊಂಡಿತು: ಬಲಗೈ ಸದಾ ಕೋಟಿನ ಜೇಬಿನಲ್ಲಿರತೊಡಗಿತು. ವಯಸ್ಸಾದ ಮೇಲೆ ಮಾಸ್ಟರಿಗೆ ಶೋಕಿ ಹತ್ತಿತೆಂದು ನಾನು ಒಳಗೊಳಗೇ ನಕ್ಕಿದ್ದೆ.

ಆ ಅಂಗಡಿಯಲ್ಲೊಂದು ವಾಡಿಕೆಯಿತ್ತು. ಮಧ್ಯಾಹ್ನದ ಚಹಾದ ಹೊತ್ತಿಗೆ ದೊಡ್ಡ ಕೆಟಲ್ಲಿನಲ್ಲಿ ನೀರು ಕುದಿಯಬೇಕು. ಕುದ್ದ ನೀರನ್ನು ಟೀ ಬ್ಯಾಗು ಹಾಕಿಟ್ಟ ಎಲ್ಲರ ಲೋಟಕ್ಕೂ, ಆ ಹೊತ್ತಿಗೆ ಇಳಿದು ಬರುತ್ತಿದ್ದ ನನ್ನ ಲೋಟಕ್ಕೂ, ಬಗ್ಗಿಸುವ ಹಕ್ಕು ಕಟಿಂಗ್ ಮಾಸ್ಟರಿನದು. ಉಳಿದವರು ಕಾಯಿಸಿ ತಂದು ಅವರ ಮುಂದಿಡಬಹುದು, ಬಗ್ಗಿಸುವಂತಿಲ್ಲ. ಹಿಂದಿನ ಮಾಸ್ಟರು, ಇವರ ಗುರು, ಕಣ್ಣು ಮಂಜಾದ ಕಾಲಕ್ಕೆ ಒಂದು ಮಧ್ಯಾಹ್ನ ಎಲ್ಲರೆದುರು ಕೆಟಲ್ಲನ್ನು ಇವರ ಕೈಗಿತ್ತರಂತೆ. ಕತ್ತರಿಯ ಬಗ್ಗೆ ಮಾತಾಡುವ ಅಗತ್ಯವಿರಲಿಲ್ಲ; ಕೆಟಲ್ ಯಾರ ಕೈಗೋ ಕತ್ತರಿಯೂ ಅವರ ಕೈಗೇ. ಮರುದಿನದಿಂದ ಆ ಗುರು ಮೂಲೆಯಲ್ಲಿ ಕೂತು ಪ್ಯಾಂಟುಗಳಿಗೆ ಹುಕ್ಕು ಹಾಕಿದರು, ಕೆಲವೇ ದಿನಗಳಲ್ಲಿ ಅಂಗಡಿಗೆ ಬರುವುದನ್ನೇ ಬಿಟ್ಟರು. ಈ ಕಥೆಯನ್ನು ನಮ್ಮ ಮಾಸ್ಟರು ತಮಾಷೆಯಾಗಿಯೇ ಶುರುಮಾಡುತ್ತಿದ್ದರು, ಮುಗಿಸುವಾಗ ಮಾತ್ರ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಮೆಟ್ಟಿಲಿಳಿದು ಬರುವಾಗ ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ಕೆಟಲ್ಲಿನಿಂದ ಒಂದು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಕಾಯಿಸದ ತಣ್ಣೀರದು, ಅಭ್ಯಾಸ ಮಾಡುತ್ತಿದ್ದರೆಂದು ಕಾಣುತ್ತದೆ. ಬಲಗೈ ಗಡಗಡ ನಡುಗುತ್ತಿತ್ತು. ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದುಕೊಂಡರು, ಆಗ ಎರಡೂ ನಡುಗಿದವು. ಲೋಟದೊಳಕ್ಕೆ ಬಿದ್ದದ್ದಕ್ಕಿಂತ ಹೊರಗೆ ಚೆಲ್ಲಿದ್ದೇ ಹೆಚ್ಚು. ನಾನು ಸದ್ದಿಲ್ಲದೆ ಹಿಂದಕ್ಕೆ ಹತ್ತಿ, ಕೆಮ್ಮುತ್ತ ಮತ್ತೆ ಇಳಿದೆ. ಅಷ್ಟರಲ್ಲಿ ಮೇಜು ಒರೆಸಿಯಾಗಿತ್ತು, ಕೈ ಜೇಬು ಸೇರಿತ್ತು.

ವಿಚಿತ್ರವೆಂದರೆ, ಅದೇ ಕೈ ಕತ್ತರಿ ಹಿಡಿದಾಗ ಗೆರೆ ತಪ್ಪುತ್ತಿರಲಿಲ್ಲ. ದರ್ಜಿಯ ದೊಡ್ಡ ಕತ್ತರಿಯ ಕೆಳ ಅಲಗು ಮೇಜಿನ ಮೇಲೆ ಒರಗಿಕೊಂಡೇ ಸಾಗುತ್ತದೆ. ಭಾರವನ್ನು ಮೇಜು ಹೊರುತ್ತದೆ, ಕೈ ದಾರಿ ತೋರಿಸಿದರೆ ಸಾಕು. ಎತ್ತಿ ಹಿಡಿಯಬೇಕಾದ ಕಡೆ ಮಾತ್ರ ಅದು ಮಾತು ಕೇಳುತ್ತಿರಲಿಲ್ಲ. ಆದರೆ ನಡುಗುವ ಕೈಯನ್ನು ಒಮ್ಮೆ ಕಂಡವರಿಗೆ ಈ ವ್ಯತ್ಯಾಸವನ್ನು ಯಾರು ವಿವರಿಸಬೇಕು? ದುಬಾರಿ ಉಣ್ಣೆಯನ್ನು ತಂದು ಅಂಥ ಕೈಯಡಿ ಯಾರು ಹಾಸಿಯಾರು?

ಅದಾದ ಕೆಲದಿನಕ್ಕೇ ಅಂಗಡಿಗೆ ಬಿಸಿನೀರಿನ ಯಂತ್ರವೊಂದು ಬಂತು. ಗೋಡೆಗೊರಗಿಸಿಟ್ಟ ಬಿಳಿ ಪೆಟ್ಟಿಗೆ. ಮೂತಿಯ ಕೆಳಗೆ ಲೋಟವಿಟ್ಟು ಗುಂಡಿ ಒತ್ತಿದರೆ ಗೊರಗೊರ ಸದ್ದು ಮಾಡಿ, ಸರಿಯಾಗಿ ಒಂದು ಲೋಟ ಬಿಸಿನೀರು ಸುರಿದು ಸುಮ್ಮನಾಗುತ್ತಿತ್ತು. ಎತ್ತುವುದಿಲ್ಲ, ಬಗ್ಗಿಸುವುದಿಲ್ಲ. ಅಂದೇ ಕೆಟಲ್ ಅಟ್ಟ ಸೇರಿತು. ಮಾಸ್ಟರು ಮಾತ್ರ ಯಂತ್ರವೊಂದನ್ನೇ ತಂದಿರಲಿಲ್ಲ, ಅದರ ಜೊತೆಗೊಂದು ಸಿದ್ಧಾಂತವನ್ನೂ ತಂದಿದ್ದರು.

“ಒಬ್ಬನಿಗೆ ಒಂದು ಲೋಟ ಬೇಕು ಅಂದ್ರೆ ಒಂದೇ ಲೋಟ ಕಾಯಿಸ್ಬೇಕು ಸ್ವಾಮಿ. ಕೆಟಲ್ ತುಂಬ ಕುದಿಸೋದು, ಅರ್ಧ ಕುಡಿಯೋದು, ಅರ್ಧ ಆರಿಸೋದು, ಇದ್ಯಾವ ನ್ಯಾಯ? ಒಂದು ಕೋಟಿಗೆ ಎರಡು ಕೋಟಿನ ಬಟ್ಟೆ ಕತ್ತರಿಸ್ತೀವಾ?”

ತರ್ಕದಲ್ಲಿ ಲೋಪವಿರಲಿಲ್ಲ, ಚಹಾದಲ್ಲಿ ಇತ್ತು. ಯಂತ್ರದ ನೀರು ಬಿಸಿಯೆಂದರೆ ಬಿಸಿ, ಕುದಿಯಂತೂ ಅಲ್ಲ. ಅದರಲ್ಲದ್ದಿದ ಟೀ ಬ್ಯಾಗು ಬಣ್ಣ ಬಿಡುವುದಕ್ಕೂ ಮೀನಮೇಷ ಎಣಿಸುತ್ತಿತ್ತು. ಒಬ್ಬರ ಲೋಟ ತುಂಬುವವರೆಗೆ ಉಳಿದವರು ಸಾಲು ನಿಲ್ಲಬೇಕು; ಕೊನೆಯವರ ಸರದಿ ಬರುವಷ್ಟರಲ್ಲಿ ಮೊದಲಿನವರು ಲೋಟ ತೊಳೆದಿರುತ್ತಿದ್ದರು. ಆದರೂ ಅಂಗಡಿಯಲ್ಲಿ ಯಾರೂ ಗೊಣಗಲಿಲ್ಲ. ಚಹಾ ಸುಡದಿದ್ದರೆ ಅದು ಚಹಾವೇ ಅಲ್ಲ ಎನ್ನುತ್ತಿದ್ದ ಇಸ್ತ್ರಿಯವನು “ನಾಲಿಗೆಗೆ ಹಿತವಾಗಿದೆ” ಎಂದ. ಕಾಜಾ ಹೊಲಿದು ಗುಂಡಿ ಹಾಕುವ, ಅಂಗಡಿಗೆಲ್ಲ ಹಿರಿಯಳಾದ ಗುಂಡಿ ಅಕ್ಕ “ಕರೆಂಟು ಎಷ್ಟು ಉಳಿಯುತ್ತೆ ನೋಡಿ” ಎಂದು ತಲೆಯಾಡಿಸಿದಳು. ನನಗೆ ಅವರ ವಿಧೇಯತೆ ಕಂಡು ಸೋಜಿಗವಾಗಿತ್ತು. ನನ್ನ ಹಾಗೆ ಅವರಿಗೂ ಎಲ್ಲ ಗೊತ್ತಿದೆಯೆಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಕಡೆಗೊಂದು ದಿನ, ಗಡಸು ನೀರಿನ ಬಿಳಿಪೊರೆ ಕಟ್ಟಿಕೊಂಡು ಯಂತ್ರ ಗೊರಗುಟ್ಟಿ ನಿಂತೇಹೋಯಿತು. ಮಾಸ್ಟರು ಗುಂಡಿ ಒತ್ತಿದರು, ತಟ್ಟಿದರು, ಬೈದರು. ಅವರ ತಮ್ಮನ ಮಗಳು ಅದೇ ಅಂಗಡಿಯಲ್ಲಿ ಅವರ ಕೈಕೆಳಗೆ ಕಟಿಂಗ್ ಕಲಿತವಳು, ಮುಂದೆ ಆ ಮೇಜಿಗೆ ಬರಬೇಕಾದವಳು. ಅವಳು ಅಟ್ಟದಿಂದ ಕೆಟಲ್ ಇಳಿಸಿ, ತೊಳೆದು, ನೀರು ಕುದಿಸಿ, ವಾಡಿಕೆಯಂತೆ ತಂದು ದೊಡ್ಡಪ್ಪನ ಮುಂದೆ ಕಟಿಂಗ್ ಮೇಜಿನ ಮೇಲಿಟ್ಟಳು. ಹೊಲಿಗೆ ಯಂತ್ರಗಳ ಸದ್ದು ನಿಂತಿತು.

“ನಂಗಿವತ್ತು ಬೇಡ ಮಾಸ್ಟರೇ, ಹೊಟ್ಟೆ ಸರಿಯಿಲ್ಲ” ಎಂದಳು ಗುಂಡಿ ಅಕ್ಕ.

“ನಂಗೂ ಬೇಡ, ಏನ್ ಸೆಕೆ ಅಂತೀರಾ” ಎಂದ ಇಸ್ತ್ರಿಯವನು.

ನಾನೂ ಬಾಯಿಗೆ ಬಂದದ್ದನ್ನು ಹೇಳಿದೆ: “ಈಗಷ್ಟೇ ಮೇಲೆ ಕುಡ್ಕೊಂಡೇ ಬಂದೆ.”

ಚಹಾ ಬಿಟ್ಟು ಬದುಕಿದವರೇ ಅಲ್ಲ ಅಲ್ಲಿದ್ದವರು. ಮಾಸ್ಟರು ನಮ್ಮೆಲ್ಲರ ಭುಜಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ನಮ್ಮ ಮುಖಗಳನ್ನು ನೇರವಾಗಿ ನೋಡಿದರು.

“ಎಲ್ರಿಗೂ ಒಟ್ಟಿಗೇ ಬೇಡವಾಯ್ತಾ? ಯಾವಾಗಿಂದ ಗೊತ್ತಿತ್ತು ನಿಮ್ಗೆ?”

ಗುಂಡಿ ಅಕ್ಕನೇ ಹೇಳಿದಳು. “ಆ ಪೆಟ್ಟಿಗೆ ಬರೋಕ್ಕಿಂತ ಮುಂಚಿಂದ.”

“ಮತ್ತೆ ಯಾಕ್ರೀ ಅದರ ಮುಂದೆ ದಿನಾ ಸಾಲು ನಿಲ್ತಿದ್ರಿ? ಆ ಉಗುರುಬೆಚ್ಚಗಿನ ನೀರು ಕುಡಿದು ಹಿತವಾಗಿದೆ ಅಂದ್ರಲ್ಲ!”

ಅವರಿಗೆ ಬಂದದ್ದು ಕೋಪ. ತಮ್ಮ ನಾಟಕವನ್ನು ನೋಡಲು ಕೂತವರೇ ಇನ್ನೊಂದು ನಾಟಕ ಆಡುತ್ತಿದ್ದರೆಂದು ತಿಳಿದರೆ ಯಾರಿಗಾದರೂ ಬರುವಂಥದ್ದೇ. ಜೇಬಿನಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟರು. ಅದು ನಡುಗುತ್ತಿತ್ತು, ಈ ಸಲ ಮುಚ್ಚಿಕೊಳ್ಳಲಿಲ್ಲ. ಅವರು ಕೆಟಲ್ಲಿನ ಹಿಡಿಗೆ ಕೈಹಾಕಿ ತಮ್ಮನ ಮಗಳತ್ತ ತಿರುಗಿದರು. ಅದನ್ನು ಅವಳ ಕೈಗೆ ಕೊಟ್ಟುಬಿಡುವರೆಂದು ನಮಗೆಲ್ಲ ಅನ್ನಿಸಿತು; ಅವರ ಗುರು ಮಾಡಿದಂತೆಯೇ.

ಅವಳು ಕೈ ಚಾಚಲಿಲ್ಲ. ಇಸ್ತ್ರಿಯವನ ಗಿಡ್ಡ ಸ್ಟೂಲನ್ನು ಕಾಲಿನಿಂದ ಸರಿಸಿ ಮೇಜಿನ ಅಂಚಿನ ಕೆಳಗೆ ತಂದು, ಅದರ ಮೇಲೊಂದು ಖಾಲಿ ಲೋಟವಿಟ್ಟಳು.

“ಎತ್ತೋದ್ಯಾಕೆ ದೊಡ್ಡಪ್ಪ? ಕತ್ತರಿ ಥರ ಒರಗಿಸ್ಕೊಳ್ಳಿ.”

ಮಾಸ್ಟರು ಕ್ಷಣಕಾಲ ಆ ಸ್ಟೂಲನ್ನೂ ಮೇಜನ್ನೂ ಕಣ್ಣಿನಲ್ಲೇ ಅಳೆದರು. ಆಮೇಲೆ ಕೆಟಲ್ಲನ್ನು ಎತ್ತದೆ ಅಂಚಿನವರೆಗೆ ಜಾರಿಸಿ, ತಳ ಮೇಜಿಗೆ ಒರಗಿದ್ದಂತೆಯೇ ಮೂತಿಯನ್ನಷ್ಟೇ ಮೆಲ್ಲಗೆ ಬಗ್ಗಿಸಿದರು. ನೀರು ಹೊಗೆಯಾಡುತ್ತ ಲೋಟಕ್ಕೆ ಇಳಿಯಿತು. ಒಂದಷ್ಟು ಸ್ಟೂಲಿಗೂ ಬಿತ್ತು, ಒಂದಷ್ಟು ನೆಲಕ್ಕೂ ಹೋಯಿತು. ಮೊದಲ ಲೋಟ ಗುಂಡಿ ಅಕ್ಕನಿಗೆ ಸಂದಿತು. ಅವಳ ಹೊಟ್ಟೆ ಅಷ್ಟರಲ್ಲಿ ಸರಿಹೋಗಿತ್ತು. ಇಸ್ತ್ರಿಯವನು ನಾಲಿಗೆ ಸುಟ್ಟುಕೊಂಡು ಸಂತೋಷಪಟ್ಟ. “ಅಳತೆಗೆ ಬಂತಾ?” ಎಂದು ಮಾಸ್ಟರು ಕೇಳಿದಾಗ ತಮ್ಮನ ಮಗಳು ನೆಲದ ನೀರನ್ನು ನೋಡಿ “ಅರ್ಧ ಇಂಚು ಆಚೀಚೆ” ಎಂದಳು. ಮಾಸ್ಟರು ಎಂದಿನಂತೆ ಬಟ್ಟೆ ಕತ್ತರಿಸಲು ನಿಂತರು, ನಮ್ಮೊಂದಿಗೆ ಮಾತ್ರ ಕೆಲದಿನ ಸರಿಯಾಗಿ ಮಾತಾಡಲಿಲ್ಲ. ಯಂತ್ರ ರಿಪೇರಿಯಾಗಿ ಬಂದು ಈಗ ನನ್ನ ಕೋಣೆಯಲ್ಲಿದೆ. ಒಂಟಿಯವನಿಗೆ ಒಂದೇ ಲೋಟ ಎಂಬ ಸಿದ್ಧಾಂತ ನನಗೆ ನಿಜವಾಗಿಯೂ ಹೊಂದುತ್ತದೆ.

ಇಂಥವರು ಎಲ್ಲೆಲ್ಲೂ ಇದ್ದಾರೆ. ಕಿವಿ ಮಂದವಾದ ಮೇಲೆ ಮೌನದ ಮಹಿಮೆ ಸಾರುವವರು, ಮೊಣಕಾಲು ಸೋತ ಮೇಲೆ ನೆಲಮಹಡಿಯ ಗುಣಗಾನ ಮಾಡುವವರು, ಕುಂದಿಗೆಲ್ಲ ಒಂದು ತತ್ವದ ಕೋಟು ಹೊಲಿದು ತೊಡಿಸಿ ಕಾಲರಿನ ಬಿಳಿ ದಾರ ಯಾರಿಗೂ ಕಾಣುವುದಿಲ್ಲವೆಂದು ನಂಬಿರುವವರು. ಅವರ ಸುತ್ತಲಿನ ನಾವು ಕಂಡೂ ಕಾಣದಂತಿದ್ದು, ಅದನ್ನೇ ದೊಡ್ಡ ಔದಾರ್ಯವೆಂದುಕೊಳ್ಳುತ್ತೇವೆ. ಉಗುರುಬೆಚ್ಚಗಿನ ಔದಾರ್ಯವದು, ಅದರಿಂದ ಅವರ ಭಯ ಒಂದಿಂಚೂ ತಗ್ಗುವುದಿಲ್ಲ. ಹಿಡಿದದ್ದನ್ನು ಕೈಯಿಂದ ಕಿತ್ತುಕೊಂಡುಬಿಡುತ್ತಾರೆಂದು ಬದುಕಿಡೀ ಹೆದರುವ ಈ ಜನಕ್ಕೆ ಬೇಕಾದದ್ದು ಬಹಳ ಸಣ್ಣದು: ಯಾರಾದರೊಬ್ಬರು ಕೈ ಚಾಚದೆ, ಸ್ಟೂಲನ್ನು ಸ್ವಲ್ಪ ಹತ್ತಿರಕ್ಕೆ ಸರಿಸಬೇಕು.