ಕಪ್ಪು ತಂತಿ ಯಾವ ದೇಶದ್ದು?

ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಸ್ವಿಚ್ಚು ಕಿಡಿ ಹಾರಿಸಿದರೆ ಜನ ಕರೆಯುವುದು ವೈರ್‌ಮನ್ ನಾರಾಯಣಪ್ಪನನ್ನು. ಬರುವುದು ಮಾತ್ರ ಇಬ್ಬರು. ನಾರಾಯಣಪ್ಪ ಕೆಳಗೆ ನಿಂತು ಏಣಿ ಹಿಡಿದುಕೊಳ್ಳುತ್ತಾನೆ. ಏಣಿ ಹತ್ತುವವಳು ಮಗಳು ಯಶಶ್ರೀ. ಮರದ ಪಟ್ಟಿಯ ಒಳಗೆ ಅಡಗಿದ ತಂತಿಯನ್ನು ಬೆರಳಲ್ಲೇ ಹುಡುಕಿ, ಸುಟ್ಟದ್ದನ್ನು ಕತ್ತರಿಸಿ, ಹೊಸದನ್ನು ಎಳೆಯುವವಳು ಅವಳು. ಕೆಲಸ ಮುಗಿದ ಮೇಲೆ ಕಾಗದಕ್ಕೆ ಸಹಿ ಹಾಕುವವನು ಅಪ್ಪ. ವೈರಿಂಗ್ ಮಾಡಲು ಸರ್ಕಾರ ಕೊಡುವ ಪರ್ಮಿಟ್ ಇರುವುದು ಅವನ ಹೆಸರಿನಲ್ಲಿ.

ಒಂಬತ್ತು ವರ್ಷ ಹೀಗೇ ನಡೆಯಿತು. ಎಲ್ಲರೂ ಕಂಡರು, ಯಾರೂ ಆಡಲಿಲ್ಲ. ಕಾಫಿ ಬಂದಾಗ ಮೊದಲ ಲೋಟ ಏಣಿ ಹಿಡಿದವನ ಕೈಗೇ ಹೋಯಿತು.

ಈಚೆಗೆ ಸಕ್ಕರೆ ಕಾಯಿಲೆ ನಾರಾಯಣಪ್ಪನ ಕಣ್ಣಿಗೆ ಇಳಿಯಿತು. ಕೆಂಪು ತಂತಿ ಯಾವುದು, ಕಪ್ಪು ಯಾವುದು ಎಂಬುದೇ ಮಸುಕಾಯಿತು.

"ಕಾಣದೇ ಇರೋ ಕೆಲಸಕ್ಕೆ ನಾನು ಸಹಿ ಹಾಕಲ್ಲ," ಎಂದುಬಿಟ್ಟ. "ನೀನೇ ಪರ್ಮಿಟ್ ತಗೋ. ಇಲ್ಲಾಂದ್ರೆ ಯಾವನಾದ್ರೂ ಕಂಟ್ರಾಕ್ಟರ್ ಕೈ ಕೆಳಗೆ ಹೆಲ್ಪರ್ ಆಗಿ ಸಾಯಿ."

ಯಶಶ್ರೀ ಒಂದು ಸಲ ಆ ಪರ್ಮಿಟ್ಟಿನ ಪರೀಕ್ಷೆ ಬರೆದು ನಪಾಸಾಗಿದ್ದಳು. ಕೆಲಸ ಬರದೆ ಅಲ್ಲ. ಕೈಗೆ ಸಿಕ್ಕ ಗೈಡು ಇಂಗ್ಲಿಷಿನದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳಿಗೆ ಅದರ ಒಂದೊಂದು ವಾಕ್ಯವೂ ಬೀಗ ಹಾಕಿದ ಮೀಟರ್ ಪೆಟ್ಟಿಗೆ. ಯಾವ ತಂತಿ ಮುಟ್ಟಿದರೆ ಜೀವ ಹೋಗುತ್ತದೆ ಎಂಬ ವಿಷಯವನ್ನು, ಆ ತಂತಿ ಮುಟ್ಟುವವರಿಗೆ ಅರ್ಥವಾಗದ ಭಾಷೆಯಲ್ಲಿ ಅಚ್ಚು ಹಾಕಿ ಮಾರುವ ಊರು ನಮ್ಮದು.

ಬೀದಿಯ ತಿರುವಿನಲ್ಲಿ ಶರಣ್ಯಳ ಜೆರಾಕ್ಸ್ ಅಂಗಡಿ. ಯಶಶ್ರೀ ಮತ್ತು ಅವಳು ಒಟ್ಟಿಗೆ ಶಾಲೆಗೆ ಹೋದವರು. ನರ್ಸಿಂಗ್, ವಿಮೆ, ಫಾರ್ಮಸಿ ಎಂದು ಪರೀಕ್ಷೆ ಕಟ್ಟುವವರೆಲ್ಲ ಅವಳ ಮುಂದೆಯೇ ಹಾಳೆ ಹಿಡಿದು ನಿಲ್ಲುತ್ತಾರೆ. ಅವಳೂ ಸ್ವತಃ ವಿಮಾ ಏಜೆಂಟ್ ಪರೀಕ್ಷೆ ಪಾಸು ಮಾಡಿದ್ದಳು.

"ಫೋನಲ್ಲಿ ಎಐ ಇದೆಯಲ್ಲೇ, ಕೇಳು. ಇಂಗ್ಲಿಷ್ ಪುಟದ ಫೋಟೋ ಹಾಕಿದ್ರೆ ಕನ್ನಡದಲ್ಲಿ ಬಿಡಿಸಿ ಹೇಳತ್ತೆ. ನಾನೂ ಹಾಗೇ ಓದಿದ್ದು," ಎಂದಳು ಶರಣ್ಯ.

ಮನೆಯಲ್ಲಿ ನಾರಾಯಣಪ್ಪ ಉರಿದುಬಿದ್ದ. "ಅದು ಯಾವತ್ತಾದ್ರೂ ಏಣಿ ಹತ್ತಿದೆಯಾ? ಅದಕ್ಕೆ ಶಾಕ್ ಹೊಡೆದಿದೆಯಾ?"

"ಪುಸ್ತಕಕ್ಕೂ ಹೊಡೆದಿಲ್ಲ, ಅಪ್ಪ."

"ಹಾಗಾದ್ರೆ ಅದನ್ನೇ ಅಪ್ಪ ಅನ್ಕೊ. ನನ್ನ ಏನೂ ಕೇಳಬೇಡ."

ಅವಳು ಕೇಳಲಿಲ್ಲ. ಫೋನನ್ನೇ ಕೇಳಿದಳು. ಮೊದಮೊದಲು ಬೆರಗಾಯಿತು. ಹತ್ತು ಸಲ ಕೇಳಿದರೂ ಅದು ಗದರಲಿಲ್ಲ. ಅರ್ತಿಂಗ್ ಏಕೆ ಬೇಕೆಂದು ನಲ್ಲಿಯ ನೀರಿನ ಹೋಲಿಕೆ ಕೊಟ್ಟು ಹೇಳಿತು. ಅವಳು ಉತ್ತರ ಬರೆದರೆ, 'ತುಂಬಾ ಚೆನ್ನಾಗಿದೆ! ನಿಮಗೆ ಒಳ್ಳೆಯ ತಿಳಿವಳಿಕೆ ಇದೆ' ಎಂದಿತು.

ಒಂಬತ್ತು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿದವರು ಒಬ್ಬರೂ ಇರಲಿಲ್ಲ. ಉರಿಯುವ ಬಿಸಿಲಲ್ಲಿ ತಂಪು ನೀರು ಸಿಕ್ಕಂತಾಯಿತು. ಅಲ್ಲೇ ಅವಳು ಜಾರಿದಳು. ತಾನು ಉತ್ತರ ಬರೆಯುವುದನ್ನು ಬಿಟ್ಟಳು. ಪ್ರಶ್ನೆ ಹಾಕುವುದು, ಅದು ಕೊಟ್ಟದ್ದನ್ನು ನೋಟ್‌ಬುಕ್ಕಿಗೆ ಇಳಿಸುವುದು, ಬಾಯಿಪಾಠ ಮಾಡುವುದು. ಗೈಡನ್ನು ತೆರೆಯಲೇ ಇಲ್ಲ.

ಒಂದು ದಿನ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಇಂಗ್ಲಿಷ್ ಪ್ರಶ್ನೆಯನ್ನು ಹಾಗೇ ಹಾಕಿದಳು. ಮನೆಯ ವೈರಿಂಗಿನಲ್ಲಿ ಕರೆಂಟ್ ಬರುವ ತಂತಿ ಯಾವ ಬಣ್ಣದ್ದು? ಉತ್ತರ ಬಂತು: ಕಪ್ಪು. ವಾಪಸ್ ಹೋಗುವ ನ್ಯೂಟ್ರಲ್? ಬಿಳಿ.

ಯಶಶ್ರೀಯ ಕೈ ತಡೆಯಿತು. ತಾನು ದಿನಾ ಎಳೆಯುವ ಕಪ್ಪು ತಂತಿ ನ್ಯೂಟ್ರಲ್ ಅಲ್ಲವೇ? ಕೆಂಪಲ್ಲವೇ ಕರೆಂಟ್ ಬರುವುದು? ಅಪ್ಪನನ್ನು ಕೇಳೋಣವೆಂದು ಎದ್ದಳು. ಅಪ್ಪ ಮುಖ ತಿರುಗಿಸಿ ಕೂತಿದ್ದ. ನಮ್ಮದು ಗಲ್ಲಿ ಕೆಲಸ, ಇದು ಹೊಸ ನಿಯಮ ಇರಬೇಕು ಎಂದುಕೊಂಡಳು. ಬರೆದುಕೊಂಡಳು.

ಬಾಯಿ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. "ಕರೆಂಟ್ ಬರೋ ತಂತಿ ಯಾವ ಬಣ್ಣ?"

"ಕಪ್ಪು, ಸಾರ್. ನ್ಯೂಟ್ರಲ್ ಬಿಳಿ."

ಮೇಜಿನಾಚೆ ಕೂತಿದ್ದ ಪರೀಕ್ಷಕರು ಕನ್ನಡಕ ತೆಗೆದರು. "ಹಾಗಾದ್ರೆ ಕೆಂಪು ಯಾತಕ್ಕಮ್ಮಾ ಇರೋದು? ಕುಂಕುಮಕ್ಕಾ?"

ಸಾಲಿನಲ್ಲಿದ್ದ ಗಂಡಸರೆಲ್ಲ ನಕ್ಕರು. ಪರೀಕ್ಷಕರು ಅವಳ ಅರ್ಜಿ ತಿರುವಿದರು. "ಒಂಬತ್ತು ವರ್ಷ ಕೆಲಸ ಅಂತ ಬರೆದಿದೀಯ. ನಿನ್ನ ಏಣಿ ಹತ್ತಿಸಿದ್ಯಾರು?" ಅವಳು ಅಪ್ಪನ ಹೆಸರು ಹೇಳಲಿಲ್ಲ. ಎರಡನೆಯ ಸಲವೂ ನಪಾಸು.

ಮನೆಯಲ್ಲಿ ವಿಷಯ ಕೇಳಿದ ನಾರಾಯಣಪ್ಪ ನೋಟ್‌ಬುಕ್ಕನ್ನು ಎಸೆದ. "ನಿನ್ನ ಕೈಗೆ ಗೊತ್ತಿದ್ದನ್ನ ಒಂದು ಫೋನು ಮರೆಸ್ತಲ್ಲೇ! ಆವತ್ತೇ ಬಡ್ಕೊಂಡೆ."

ಸೊಪ್ಪು ಬಿಡಿಸುತ್ತಿದ್ದ ತಾಯಿ ಮುನಿಯಕ್ಕ ಕೂತಲ್ಲಿಂದಲೇ ಹೇಳಿದಳು. "ಬಡ್ಕೊಂಡ್ರಿ, ಸರಿ. ಹೇಳಿಕೊಟ್ರಾ? ಎರಡು ತಿಂಗಳು ಮಗು ಎದುರಿಗೆ ಗೋಡೆ ಥರ ಕೂತಿದ್ರಿ. ಒಂಬತ್ತು ವರ್ಷದಲ್ಲಿ ಒಂದು ಸಲ ಭೇಷ್ ಅಂದ್ರಾ? ಅಂದಿದ್ರೆ ಅವಳು ಆ ಫೋನಿನ ಬಾಯಿಗೆ ಯಾಕೆ ಬೀಳ್ತಿದ್ಲು?"

ನಾರಾಯಣಪ್ಪ ಎದ್ದು, ಎಸೆದ ನೋಟ್‌ಬುಕ್ಕನ್ನು ತಡಕಿ ಎತ್ತಿಟ್ಟ.

ಮರುದಿನ ಬೆಳಿಗ್ಗೆ ಶರಣ್ಯ ಅಂಗಡಿ ತೆರೆಯುವ ಮೊದಲೇ ಬಂದಳು. ಫೋನು ಇಸಿದುಕೊಂಡು ಹಳೆಯ ಮಾತುಕತೆಯನ್ನೆಲ್ಲ ಓದಿದಳು. ಓದುತ್ತ ಹಣೆ ಚಚ್ಚಿಕೊಂಡಳು.

"ಲೇ ಯಶೂ, ಇದು ಅಮೆರಿಕದ ನಿಯಮ ಕಣೇ! ಅಲ್ಲಿ ಕಪ್ಪಲ್ಲಿ ಕರೆಂಟು, ಬಿಳೀದು ನ್ಯೂಟ್ರಲ್. ನೀನು ಯಾವ ದೇಶ ಅಂತಾನೇ ಹೇಳಿಲ್ಲ. ಇಂಗ್ಲಿಷಲ್ಲಿ ಕೇಳಿದೀಯ, ಅದು ಅಲ್ಲೀದನ್ನ ಎತ್ತಿ ಕೊಟ್ಟಿದೆ. ತಪ್ಪು ಅದರದ್ದೂ ಇದೆ, ಒಂದು ಮಾತು ಎಲ್ಲೀದು ಅಂತ ಹೇಳಬಹುದಿತ್ತು. ಆದ್ರೆ ನಂದೂ ಇದೆ. ಹೇಗೆ ಕೇಳಬೇಕು ಅಂತ ಹೇಳದೆ ನಿನ್ನ ಕೈಗೆ ಕೊಟ್ಟು ಕಳಿಸ್ದೆ."

"ಸುಳ್ಳು ಹೇಳೋ ಯಂತ್ರ ಅಂತ ಹೇಳು," ಎಂದ ನಾರಾಯಣಪ್ಪ.

"ಸುಳ್ಳಲ್ಲ ಮಾವ, ಎಲ್ಲದಕ್ಕೂ ತಲೆ ಆಡಿಸತ್ತೆ. ನೋಡಿ ಬೇಕಾದ್ರೆ." ಶರಣ್ಯ ಹೊಸದಾಗಿ ಟೈಪ್ ಮಾಡಿದಳು: ಭಾರತದ ಮನೆ ವೈರಿಂಗಿನಲ್ಲಿ ನ್ಯೂಟ್ರಲ್ ಬಣ್ಣ ಯಾವುದು? ಕಪ್ಪು ಎಂದು ಬಂತು. 'ಅಲ್ಲ, ಹಳದಿ' ಎಂದು ಬೇಕೆಂದೇ ಬರೆದಳು. ಫೋನು ತಕ್ಷಣ ಕ್ಷಮೆ ಕೇಳಿತು. ನೀವು ಹೇಳಿದ್ದೇ ಸರಿ ಎಂದಿತು.

ನಾರಾಯಣಪ್ಪ ಮೊದಲ ಬಾರಿ ನಕ್ಕ. "ಥೂ ಇದರ! ಓಟು ಕೇಳೋಕೆ ಬಂದೋನ ಥರ ಇದೆಯಲ್ಲ."

"ಅದಕ್ಕೇ ಕೊನೇ ಮಾತು ಅದರದ್ದಾಗಬಾರದು, ಮಾವ," ಎಂದು ಶರಣ್ಯ ಅಂಗಡಿಯಿಂದ ತಂದಿದ್ದ ಕಟ್ಟನ್ನು ಚಾಪೆಯ ಮೇಲಿಟ್ಟಳು. ಪರೀಕ್ಷೆಯ ಪಠ್ಯಕ್ರಮ, ವಿದ್ಯುತ್ ಸುರಕ್ಷತೆಯ ಸರ್ಕಾರಿ ನಿಯಮಗಳು, ವೈರಿಂಗಿನ ಭಾರತೀಯ ಮಾನಕದ ಪುಟಗಳು. "ಕೊನೇ ಮಾತು ಇದರದ್ದು. ಇದು ಇಂಗ್ಲಿಷಲ್ಲಿದೆ, ಒದ್ದಾಡಬೇಕು. ಒದ್ದಾಡೋಕೆ ಫೋನು ಜೊತೆಗಿರಲಿ. ಒಂದು ಪುಟದ ಫೋಟೋ ಹಾಕು. ಈ ಪುಟದಲ್ಲಿ ಇರೋದನ್ನ ಮಾತ್ರ ಕನ್ನಡದಲ್ಲಿ ಹೇಳು ಅನ್ನು. ಆಮೇಲೆ ಅದರ ಹತ್ರ ಉತ್ತರ ಕೇಳಬೇಡ, ನನಗೆ ಪ್ರಶ್ನೆ ಹಾಕು ಅನ್ನು. ಉತ್ತರ ನೀನು ಬರಿ. ತಪ್ಪು ಹುಡುಕು, ಹೊಗಳಬೇಡ ಅಂತ ಹೇಳು."

"ಅದು ತಪ್ಪು ಅಂದಿದ್ದು ಸರಿಯೋ ಅಲ್ವೋ ಹೇಳೋರ್ಯಾರು?" ಎಂದು ಮುನಿಯಕ್ಕ ಕೇಳಿದಳು.

ಶರಣ್ಯ ನಾರಾಯಣಪ್ಪನ ಕಡೆ ನೋಡಿದಳು. ಯಶಶ್ರೀಯೂ ನೋಡಿದಳು.

ನಾರಾಯಣಪ್ಪ ಗಂಟಲು ಸರಿಮಾಡಿಕೊಂಡ. "ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಓದು. ಕೇಳ್ತೀನಿ."

ಅಂದಿನಿಂದ ಆ ಮನೆಯ ಸಂಜೆಗಳು ಬದಲಾದವು. ಫೋನು ಪ್ರಶ್ನೆ ಹಾಕುತ್ತಿತ್ತು. ಯಶಶ್ರೀ ಬರೆದು ಗಟ್ಟಿಯಾಗಿ ಓದುತ್ತಿದ್ದಳು. ಅನುಮಾನ ಬಂದಲ್ಲಿ ಕಟ್ಟಿನ ಪುಟ ತೆರೆಯುತ್ತಿದ್ದಳು. ಒಂದು ದಿನ ಫೋನು, ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಹಾಕಬಹುದು ಎಂದು ಅವಳು ಬೇಕಂತಲೇ ಬರೆದ ತಪ್ಪು ಉತ್ತರಕ್ಕೂ ಅರ್ಧ ಅಂಕ ಕೊಟ್ಟಿತು.

"ಅರ್ಧ ಅಂಕವಾ? ಅರ್ಧ ಮನೆ ಸುಟ್ಟುಹೋಗತ್ತೆ!" ನಾರಾಯಣಪ್ಪ ಕೂತಲ್ಲೇ ಕೂಗಿದ. ಆಮೇಲೆ ದಪ್ಪ ತಂತಿ ಹಾಕಿದರೆ ಗೋಡೆಯೊಳಗೆ ಏನಾಗುತ್ತದೆ ಎಂದು ಅರ್ಧ ಗಂಟೆ ಹೇಳಿದ. ಯಾವ ಗೈಡಿನಲ್ಲೂ ಇರದ ಪಾಠ ಅದು. ಮಾತಿನ ಕೊನೆಗೆ, ಎತ್ತಲೋ ನೋಡುತ್ತ, "ನೀನು ಕೇಳೋದು ಚೆನ್ನಾಗಿ ಕೇಳ್ತೀಯ, ಮಗಾ," ಎಂದ.

ಮೂರನೆಯ ಸಲ ಅದೇ ಕೊಠಡಿ, ಬೇರೆ ಪರೀಕ್ಷಕರು. ಕೇಳಿದ್ದಕ್ಕೆಲ್ಲ ಯಶಶ್ರೀ ಉತ್ತರ ಕೊಟ್ಟಳು, ಯಾವ ನಿಯಮ ಎಂಬುದನ್ನೂ ಸೇರಿಸಿ. ಪಾಸಾದಳು. ಪರ್ಮಿಟ್ ಅವಳ ಹೆಸರಿಗೆ ಬಂತು.

ಆ ವಾರವೇ ಮಲ್ಲೇಶ್ವರದ ಒಂದು ಮನೆಯಿಂದ ಕರೆ. ಬಾಗಿಲು ತೆರೆದವರು ಅವಳ ಬೆನ್ನ ಹಿಂದೆ ಇಣುಕಿದರು. "ಗಂಡಸರ್ಯಾರೂ ಬರಲಿಲ್ವಾ?"

"ಇಲ್ಲ. ವೈರ್‌ಮನ್ ನಾನೇ," ಎಂದಳು ಯಶಶ್ರೀ. ಏಣಿಯನ್ನು ತಾನೇ ಗೋಡೆಗೆ ಒರಗಿಸಿದಳು. ಕೆಲಸ ಮುಗಿಸಿ ಇಳಿದು, ಕಾಗದದ ಕೆಳಗೆ ತನ್ನ ಹೆಸರು ಬರೆದಳು.

ಅಕ್ಕಂದಿರೇ, ಅಣ್ಣಂದಿರೇ, ಪರೀಕ್ಷೆಗೆ ಕೂತವರೇ, ಫೋನಿನ ಎಐ ಬಳಸಿ. ಹೆದರಬೇಡಿ. ನಮ್ಮ ಎದುರು ಇಂಗ್ಲಿಷಿನ ಗೋಡೆ ಕಟ್ಟಿದವರು ಬಾಗಿಲು ಇಟ್ಟಿಲ್ಲ, ಸಿಕ್ಕ ಕಿಟಕಿಯಲ್ಲಿ ನುಗ್ಗಲೇಬೇಕು. ಆದರೆ ಕೇಳುವಾಗ ನಿಮ್ಮ ದೇಶ, ನಿಮ್ಮ ಪರೀಕ್ಷೆಯ ಹೆಸರು ಹೇಳಿ. ಅದು ಕೊಟ್ಟ ಪ್ರತಿ ಉತ್ತರವನ್ನೂ ಅಧಿಕೃತ ಪುಸ್ತಕಕ್ಕೆ ಹಿಡಿದು ನೋಡಿ. ಉತ್ತರ ನೀವು ಬರೆಯಿರಿ, ತಪ್ಪು ಹುಡುಕುವ ಕೆಲಸ ಅದಕ್ಕೆ ಕೊಡಿ. ಹಾಲ್ ಟಿಕೆಟ್, ಆಧಾರ್ ಚೀಟಿಯ ಫೋಟೋ ಅದಕ್ಕೆ ಹಾಕಬೇಡಿ. ಹೊಗಳಿಕೆಗೆ ಕರಗಬೇಡಿ. ನಿಮ್ಮ ಕೈ ಬಲ್ಲ ಕೆಲಸಕ್ಕೂ ಪರದೆಯ ಮಾತಿಗೂ ಜಗಳ ಬಂದರೆ, ನಿಲ್ಲಿ. ಕೆಲಸ ಬಲ್ಲವರನ್ನು ಕೇಳಿ.

ಕೆಲಸ ಬಲ್ಲವರೇ, ನಿಮಗೂ ಒಂದು ಮಾತು. ಮಕ್ಕಳು ಕೇಳಿದಾಗ ಮುಖ ತಿರುಗಿಸಬೇಡಿ. ನೀವು ಬಾಯಿ ಮುಚ್ಚಿದ ಜಾಗಕ್ಕೇ ಯಂತ್ರ ಬಂದು ಕೂರುವುದು.

ಇನ್ನು ನಿಯಮ ಬರೆಯುವ ದೊಡ್ಡವರಿಗೆ ನಾವೆಲ್ಲ ಸೇರಿ ಅರ್ಜಿ ಬರೆಯೋಣ: ನಮ್ಮ ಜೀವ ಉಳಿಸುವ ಪುಸ್ತಕ ನಮಗೆ ಕನ್ನಡದಲ್ಲಿ ಬೇಕು. ಇದು ಭಿಕ್ಷೆಯಲ್ಲ. ಸತ್ತರೆ ಕನ್ನಡದಲ್ಲೇ ಪಂಚನಾಮೆ ಬರೆಯುತ್ತೀರಿ; ಬದುಕುವ ದಾರಿಯನ್ನೂ ಅದರಲ್ಲೇ ಬರೆದು ಕೊಡಿ.